ಅವನು ಮೊದಲೇ ಹೇಳಿರುತ್ತಾನೆ

ಅಮೆರಿಕದ ಯಾವುದೋ ಶಾಲೆಯಲ್ಲಿ ಗುಂಡು ಹಾರಿತು ಅನ್ನೋ ಸುದ್ದಿ ಬಂದರೆ ಸಾಕು, ನಮ್ಮ ಡೊಂಬಿವಲಿಯ ಎಷ್ಟೋ ಮನೆಗಳಲ್ಲಿ ಮೊದಲು ಫೋನ್ ಎತ್ತಿಕೊಳ್ಳುತ್ತಾರೆ. ಅಲ್ಲಿರುವ ಮಗನಿಗೋ ಮಗಳಿಗೋ ಕರೆ. "ನಿಮ್ಮ ಹತ್ತಿರವಾ? ಮಕ್ಕಳು ಮನೆಗೆ ಬಂದರಾ?" ದೂರ ಅಂತ ಗೊತ್ತಾದ ಮೇಲೆ ಜೀವ ಬರುತ್ತದೆ. ಆಮೇಲೆ ಚರ್ಚೆ ಶುರು. ಮೊನ್ನೆ ಭಜನಾ ಮಂಡಳಿಯಲ್ಲಿ ಚಹಾ ಕುಡಿಯುವಾಗಲೂ ಇದೇ ಮಾತು ಬಂತು. ನಾನು ಇದರ ಬಗ್ಗೆ ತುಂಬಾ ಓದುತ್ತೇನೆ ಅಂದಾಗ ಹಿರಿಯರೊಬ್ಬರು ನೊಂದುಕೊಂಡೇ ಕೇಳಿದರು: "ಅಲ್ಲ ಟೀಚರ್, ಸಣ್ಣ ಮಕ್ಕಳನ್ನು ಕೊಂದವನ ಮನಸ್ಸು ತಿಳ್ಕೊಂಡು ಏನಾಗ್ಬೇಕು? ಸತ್ತ ಮಕ್ಕಳ ತಾಯಿಯ ಮನಸ್ಸು ತಿಳ್ಕೊಂಡರೆ ಸಾಲದಾ?"

ಅವರು ಕೇಳಿದ್ದರಲ್ಲಿ ತಪ್ಪೇನೂ ಇಲ್ಲ. ಈ ಸಂಕಟ ನಮ್ಮ ಮುಂಬೈಗೂ ಬಂದು ತಟ್ಟಿದೆ. 2007ರ ಏಪ್ರಿಲ್ 16ರಂದು ವರ್ಜೀನಿಯಾ ಟೆಕ್ ವಿಶ್ವವಿದ್ಯಾಲಯದಲ್ಲಿ ಒಬ್ಬ ವಿದ್ಯಾರ್ಥಿ 32 ಜನರನ್ನು ಕೊಂದ. ಸತ್ತವರಲ್ಲಿ ಮುಂಬೈಯಿಂದ ಓದಲು ಹೋಗಿದ್ದ ಹುಡುಗಿಯೊಬ್ಬಳಿದ್ದಳು. ತಮಿಳುನಾಡು ಮೂಲದ ಪ್ರಾಧ್ಯಾಪಕ ಜಿ.ವಿ. ಲೋಗನಾಥನ್ ಇದ್ದರು. ಆ ಮನೆಗಳ ಮುಂದೆ ನಿಂತು "ಕೊಂದವನ ಕಷ್ಟ ಏನಿತ್ತು ನೋಡೋಣ" ಅನ್ನೋ ಧೈರ್ಯ ನನಗಿಲ್ಲ. ಯಾರಿಗೂ ಇರಬಾರದು.

ಆದರೂ ತಿಳಿದುಕೊಳ್ಳಲೇಬೇಕು ಅಂತ ನಾನು ಹಟ ಹಿಡಿಯುತ್ತೇನೆ. ಯಾಕೆಂದರೆ ನಾನು ಎಂಟು, ಒಂಬತ್ತು, ಹತ್ತನೇ ಕ್ಲಾಸಿನ ಮಕ್ಕಳಿಗೆ ಗಣಿತ ಹೇಳಿಕೊಡುವವಳು. ಇಂಥದ್ದನ್ನು ಮಾಡಿದವರಲ್ಲಿ ಬಹಳಷ್ಟು ಜನ ಅದೇ ವಯಸ್ಸಿನವರು. ದಿನಾ ಬೆಳಿಗ್ಗೆ ಯಾರೋ ಒಬ್ಬರ ಕ್ಲಾಸಿನಲ್ಲಿ ಬೆಂಚಿನ ಮೇಲೆ ಕೂತಿದ್ದವರು.

ಕೊಂದವರ ಹೆಸರು ಇಲ್ಲಿ ಬರೆಯುವುದಿಲ್ಲ. ಅವರಲ್ಲಿ ಎಷ್ಟೋ ಜನರಿಗೆ ಬೇಕಾಗಿದ್ದೇ ಆ ಹೆಸರು. ನ್ಯೂಜಿಲೆಂಡಿನ ಆಗಿನ ಪ್ರಧಾನಿ ಜಸಿಂಡಾ ಆರ್ಡರ್ನ್ 2019ರ ಕ್ರೈಸ್ಟ್‌ಚರ್ಚ್ ಊರಿನ ಮಸೀದಿಗಳಲ್ಲಿ ನಡೆದ ಹತ್ಯೆಯ ನಂತರ ಕೊಲೆಗಾರನ ಹೆಸರು ಬಾಯಿಗೆ ತರುವುದಿಲ್ಲ ಅಂದರಲ್ಲ, ಅದು ನನಗೆ ತುಂಬಾ ಸರಿ ಅನಿಸಿತ್ತು.

ಈ ವಿಷಯ ಬಂದಾಗ ಜನ ತಕ್ಷಣ ಹೇಳುವ ಕಾರಣಗಳಿವೆ. ಮೊಬೈಲ್ ಗೇಮ್. ತಲೆ ಕೆಟ್ಟಿದೆ. ಒಡೆದ ಮನೆ. ಓದಿನಲ್ಲಿ ಹಿಂದೆ. ಅಮೆರಿಕದ ಅಧ್ಯಕ್ಷರ ಭದ್ರತೆ ನೋಡಿಕೊಳ್ಳುವ ಸೀಕ್ರೆಟ್ ಸರ್ವಿಸ್ ಮತ್ತು ಅಲ್ಲಿನ ಶಿಕ್ಷಣ ಇಲಾಖೆ ಸೇರಿ 2002ರಲ್ಲಿ ಒಂದು ವರದಿ ತಂದವು. 1974ರಿಂದ 2000ದವರೆಗೆ ನಡೆದ 37 ಘಟನೆಗಳು, ಅವುಗಳ ಹಿಂದಿದ್ದ 41 ಹುಡುಗರು. ಅಷ್ಟೂ ಜನ ಹುಡುಗರೇ, ಒಬ್ಬ ಹುಡುಗಿಯೂ ಇಲ್ಲ. ಕೆಲವರನ್ನು ಜೈಲಿನಲ್ಲಿ ಕೂರಿಸಿ ಮಾತಾಡಿಸಿದ್ದರು ಕೂಡ. ಅದನ್ನು ಓದಿದರೆ ಈ ಕಾರಣಗಳಲ್ಲಿ ಯಾವುದೂ ಎಲ್ಲರಿಗೂ ಹೊಂದುವುದಿಲ್ಲ. ಹಿಂಸೆಯ ವಿಡಿಯೋ ಗೇಮ್ ಮೇಲೆ ಆಸಕ್ತಿ ತೋರಿಸಿದವರು ನೂರಕ್ಕೆ 12. ಅದಕ್ಕಿಂತ ಎಷ್ಟೋ ಜಾಸ್ತಿ ಜನ, ನೂರಕ್ಕೆ 37, ತಾವೇ ಬರೆದ ಕಥೆ, ಪದ್ಯ, ಡೈರಿಗಳಲ್ಲಿ ಹಿಂಸೆಯನ್ನು ತೋಡಿಕೊಂಡಿದ್ದರು. ಮೊದಲೇ ಮಾನಸಿಕ ಕಾಯಿಲೆ ಅಂತ ಡಾಕ್ಟರು ಗುರುತಿಸಿದ್ದವರು ಐದರಲ್ಲಿ ಒಬ್ಬರೂ ಇಲ್ಲ. ಹೆಚ್ಚಿನವರು ಅಪ್ಪ ಅಮ್ಮ ಇಬ್ಬರೂ ಇದ್ದ ಮನೆಯವರು. ಇನ್ನು ಮಾರ್ಕ್ಸ್: ಫೇಲ್ ಆಗುತ್ತಿದ್ದವರು ನೂರಕ್ಕೆ 5 ಮಾತ್ರ. ಇದನ್ನು ನಮ್ಮ ಕಡೆಯ ಪಾಲಕರು ಎರಡು ಸಲ ಓದಬೇಕು. "ಮಾರ್ಕ್ಸ್ ಚೆನ್ನಾಗಿದೆಯಲ್ಲ, ಮತ್ತೇನು ತೊಂದರೆ ಅವನಿಗೆ?" ಅಂತ ನನ್ನೆದುರು ಎಷ್ಟು ಜನ ಹೇಳಿದ್ದಾರೋ ಲೆಕ್ಕವಿಲ್ಲ.

ಹಾಗಾದರೆ ಬೇರೆ ಮಕ್ಕಳು ಕಾಡಿಸಿದ್ದಕ್ಕೆ ಹೀಗಾದರಾ? ಆ 41 ಜನರಲ್ಲಿ ನೂರಕ್ಕೆ 71ರಷ್ಟು ಮಂದಿ ತಮ್ಮನ್ನು ಯಾರೋ ಕಾಡಿಸಿದ್ದಾರೆ, ಗಾಯ ಮಾಡಿದ್ದಾರೆ ಅಂದುಕೊಂಡಿದ್ದರು. ಅದೇನು ಸಣ್ಣ ಮಾತಲ್ಲ. ಆದರೆ ಕಾಡಿಸಿಕೊಂಡ ಮಕ್ಕಳು ಲೋಕದಲ್ಲಿ ಕೋಟಿಗಟ್ಟಲೆ ಇದ್ದಾರೆ. ಅವರು ಅಳುತ್ತಾರೆ, ಶಾಲೆ ಬಿಡುತ್ತಾರೆ, ಸಹಿಸಿಕೊಂಡು ದೊಡ್ಡವರಾಗುತ್ತಾರೆ. ಕೊಲ್ಲುವುದಿಲ್ಲ. 1999ರ ಏಪ್ರಿಲ್ 20ರ ಅಮೆರಿಕದ ಕೊಲಂಬೈನ್ ಹೈಸ್ಕೂಲಿನ ಗುಂಡಿನ ದಾಳಿಯಾದಾಗ "ಯಾರೂ ಸೇರಿಸಿಕೊಳ್ಳದ ಇಬ್ಬರು ಹುಡುಗರ ಸೇಡು" ಅಂತಲೇ ಸುದ್ದಿ ಹಬ್ಬಿತ್ತು. ಆಮೇಲೆ ತಿಳಿದದ್ದೇ ಬೇರೆ. ಇಬ್ಬರಿಗೂ ಗೆಳೆಯರಿದ್ದರು. ಸುಮಾರು ಒಂದು ವರ್ಷ ತಯಾರಿ ನಡೆಸಿದ್ದರು. ಶಾಲೆಯ ಊಟದ ಕೋಣೆಯಲ್ಲಿ ಬಾಂಬ್ ಇಟ್ಟಿದ್ದರು, ಅದು ಸಿಡಿಯಲಿಲ್ಲ. ಸಿಡಿದಿದ್ದರೆ ಕಾಡಿಸಿದವರು, ಕಾಡಿಸದವರು, ಅವರದೇ ಗೆಳೆಯರು, ಎಲ್ಲರೂ ಸಾಯುತ್ತಿದ್ದರು. ಇದನ್ನು ಸೇಡು ಅಂತ ಕರೆಯೋದು ಹೇಗೆ?

ಆ ಇಬ್ಬರಲ್ಲಿ ಒಬ್ಬ, ಘಟನೆಗೆ ಮೂರು ದಿನ ಮೊದಲು ಸೂಟು ಹಾಕಿಕೊಂಡು ಶಾಲೆಯ ಪ್ರಾಮ್ ಪಾರ್ಟಿಗೆ ಹೋಗಿ ಬಂದಿದ್ದ. ಅದೇ ಹುಡುಗ ಎರಡು ವರ್ಷದ ಹಿಂದಿನಿಂದಲೇ ಡೈರಿಯಲ್ಲಿ ಸಾಯಬೇಕು ಅಂತ ಬರೆದುಕೊಳ್ಳುತ್ತಿದ್ದ. ಮನೆಯವರು ಆ ಡೈರಿ ನೋಡಿದ್ದು ಅವನು ಸತ್ತ ಮೇಲೆ.

ನನಗೆ ಈ ಇಡೀ ವಿಷಯದ ತಿರುಳು ಇಲ್ಲೇ ಇದೆ ಅನಿಸುತ್ತದೆ. ಆ 2002ರ ವರದಿಯಲ್ಲೂ ನೂರಕ್ಕೆ 78 ಹುಡುಗರು ಅದಕ್ಕೂ ಮೊದಲು ಆತ್ಮಹತ್ಯೆಗೆ ಪ್ರಯತ್ನಿಸಿದ್ದರು ಅಥವಾ ಅದರ ಯೋಚನೆಯಲ್ಲಿದ್ದರು. ಅಂದರೆ ಇವರಲ್ಲಿ ಬಹಳಷ್ಟು ಜನ ಮೊದಲು ತಮ್ಮ ಜೀವ ಬೇಡ ಅಂತ ತೀರ್ಮಾನ ಮಾಡಿದವರು. ತನ್ನ ಜೀವವೇ ಬೇಡ ಅಂದವನಿಗೆ ಶಿಕ್ಷೆಯ ಹೆದರಿಕೆ ಏನು ಮಾಡೀತು? "ಗಲ್ಲಿಗೆ ಹಾಕಬೇಕು" ಅನ್ನೋ ನಮ್ಮ ಕೂಗು ಅವನ ಕಿವಿಗೇ ಬೀಳುವುದಿಲ್ಲ. ಒಬ್ಬನೇ ಸತ್ತರೆ ಯಾರಿಗೂ ಗೊತ್ತಾಗಲ್ಲ, ನನ್ನನ್ನು ಕಡೆಗಣಿಸಿದ ಜಾಗದಲ್ಲೇ ಎಲ್ಲರೂ ನೋಡುವ ಹಾಗೆ ಸಾಯಬೇಕು ಅನ್ನೋ ಸಿಟ್ಟು ಅದಕ್ಕೆ ಸೇರಿಕೊಳ್ಳುತ್ತದೆ. ಹೇಗೆ ಅನ್ನೋದಕ್ಕೆ ಹಿಂದೆ ಮಾಡಿದವರ ಮಾದರಿ ಇಂಟರ್ನೆಟ್ಟಿನಲ್ಲಿ ಸಿದ್ಧವಾಗಿ ಸಿಗುತ್ತದೆ. ಒಳ್ಳೆಯ ಶಾಲೆಗಳಿಗೆ ಹೆಸರಾದ ಫಿನ್‌ಲೆಂಡಿನಲ್ಲೂ 2007ರಲ್ಲಿ ಯೊಕೆಲದಲ್ಲಿ ಒಂದು, ವರ್ಷ ತುಂಬುವ ಮೊದಲೇ ಕೌಹಯೋಕಿಯಲ್ಲಿ ಇನ್ನೊಂದು ಘಟನೆ ಆಯಿತು. ಇಬ್ಬರೂ ಯೂಟ್ಯೂಬಿಗೆ ಮೊದಲೇ ವಿಡಿಯೋ ಹಾಕಿದ್ದರು.

ಮೊದಲೇ ಹೇಳಿದ್ದರು ಅನ್ನೋದನ್ನು ಗಮನಿಸಿ. ಆ 41 ಹುಡುಗರ ವಿಷಯದಲ್ಲಿ, ಐದರಲ್ಲಿ ನಾಲ್ಕು ಘಟನೆಗಳಲ್ಲಿ ಹೊರಗಿನ ಒಬ್ಬರಿಗಾದರೂ ಮೊದಲೇ ವಿಷಯ ಗೊತ್ತಿತ್ತು. ಸಾಮಾನ್ಯವಾಗಿ ಒಬ್ಬ ಗೆಳೆಯನಿಗೆ, ತಮ್ಮನಿಗೆ, ಸಹಪಾಠಿಗೆ. ವರ್ಜೀನಿಯಾ ಟೆಕ್‌ನಲ್ಲಿ ಕೊಂದವನಿಂದ ಅವನಿಗೇ ಅಪಾಯವಿದೆ ಅಂತ 2005ರಲ್ಲೇ ನ್ಯಾಯಾಧೀಶರು ಚಿಕಿತ್ಸೆಗೆ ಆದೇಶಿಸಿದ್ದರು. ಅವನ ಬರಹ ನೋಡಿ ಇಂಗ್ಲಿಷ್ ಪ್ರಾಧ್ಯಾಪಕರು ಹೆದರಿದ್ದರು. ಒಬ್ಬೊಬ್ಬರಿಗೆ ಒಂದೊಂದು ತುಣುಕು ಗೊತ್ತಿತ್ತು. ಒಟ್ಟು ಕೂತು ಜೋಡಿಸಿದವರಿಲ್ಲ. ಅವನು ಅಂಗಡಿಗೆ ಹೋಗಿ ಬಂದೂಕು ಕೊಂಡ.

ಮಿಷಿಗನ್‌ನ ಆಕ್ಸ್‌ಫರ್ಡ್ ಹೈಸ್ಕೂಲಿನ ಗಣಿತದ ಹಾಳೆಯೊಂದಿದೆ. ನಾನೂ ಗಣಿತದ ಟೀಚರ್ ಆದ್ದರಿಂದಲೋ ಏನೋ, ಅದು ನನ್ನ ಮನಸ್ಸಿನಿಂದ ಹೋಗುತ್ತಲೇ ಇಲ್ಲ. 2021ರ ನವೆಂಬರ್ 30, ಬೆಳಿಗ್ಗೆ. ಹದಿನೈದು ವರ್ಷದ ಹುಡುಗನ ವರ್ಕ್‌ಶೀಟು. ಲೆಕ್ಕಗಳ ನಡುವೆ ಒಂದು ಪಿಸ್ತೂಲಿನ ಚಿತ್ರ, ಗುಂಡು ತಗುಲಿ ರಕ್ತ ಸೋರುವ ಮನುಷ್ಯನ ಚಿತ್ರ. ಪಕ್ಕದಲ್ಲಿ ಬರೆದಿದ್ದ: ಯೋಚನೆಗಳು ನಿಲ್ಲುತ್ತಿಲ್ಲ, ಸಹಾಯ ಮಾಡಿ. ಟೀಚರ್ ನೋಡಿದರು, ಫೋನಿನಲ್ಲಿ ಫೋಟೋ ತೆಗೆದರು, ಮೇಲಿನವರಿಗೆ ತಿಳಿಸಿದರು. ಅಪ್ಪ ಅಮ್ಮನನ್ನು ಕರೆಸಿದರು. ಅವರು ಮಗನನ್ನು ಮನೆಗೆ ಕರೆದುಕೊಂಡು ಹೋಗಲಿಲ್ಲ, ಕೆಲಸಕ್ಕೆ ವಾಪಸ್ ಹೋದರು. ಹುಡುಗ ಕ್ಲಾಸಿಗೆ ವಾಪಸ್ ಹೋದ. ಬ್ಯಾಗು ಯಾರೂ ತೆರೆದು ನೋಡಲಿಲ್ಲ. ಬಂದೂಕು ಅದರಲ್ಲೇ ಇತ್ತು. ನಾಲ್ಕೇ ದಿನದ ಹಿಂದೆ ಅವನ ಅಪ್ಪ ಕೊಂಡದ್ದು. ಅವತ್ತು ಮಧ್ಯಾಹ್ನ ಅವನು ಗುಂಡು ಹಾರಿಸಿದ. ಮೂವರು ಮಕ್ಕಳು ಅವತ್ತೇ ಸತ್ತರು, ನಾಲ್ಕನೆಯವನು ಮರುದಿನ.

ಆ ಅಪ್ಪ ಅಮ್ಮ ಇಬ್ಬರಿಗೂ 2024ರಲ್ಲಿ ಅಲ್ಲಿನ ಕೋರ್ಟು ಹತ್ತರಿಂದ ಹದಿನೈದು ವರ್ಷದ ಜೈಲು ವಿಧಿಸಿತು. ಸರಿಯಾದ ತೀರ್ಪು ಅಂತ ನನ್ನ ಅಭಿಪ್ರಾಯ. ಆದರೆ ಅದೇ ಹಾಳೆಯ ಮೇಲೆ "ಸಹಾಯ ಮಾಡಿ" ಅಂತ ಬರೆದವನು ಕೆಲವೇ ಗಂಟೆಗಳಲ್ಲಿ ಕೊಲೆಗಾರನಾದ. ಆ ನಡುವಿನ ಹೊತ್ತು ದೊಡ್ಡವರ ಕೈಯಲ್ಲಿತ್ತು. ಕೊಂದವನ ಮನಸ್ಸು ತಿಳಿಯಬೇಕು ಅಂತ ನಾನು ಹೇಳೋದು ಆ ಹೊತ್ತಿಗಾಗಿ.

ಬಂದೂಕಿನ ಮಾತು ಬಿಟ್ಟು ಇದನ್ನು ಮಾತಾಡುವುದು ಸಾಧ್ಯವಿಲ್ಲ. ಆ ವರದಿಯ ಹುಡುಗರಲ್ಲಿ ಮೂರರಲ್ಲಿ ಎರಡು ಭಾಗ ಜನರಿಗೆ ಬಂದೂಕು ಸಿಕ್ಕಿದ್ದು ಸ್ವಂತ ಮನೆಯಲ್ಲಿ, ಇಲ್ಲವೇ ನೆಂಟರ ಮನೆಯಲ್ಲಿ. ಸ್ಕಾಟ್ಲೆಂಡಿನ ಡನ್‌ಬ್ಲೇನ್‌ನಲ್ಲಿ 1996ರ ಮಾರ್ಚಿನಲ್ಲಿ ಹೊರಗಿನ ವ್ಯಕ್ತಿಯೊಬ್ಬ ಶಾಲೆಗೆ ನುಗ್ಗಿ 16 ಮಕ್ಕಳನ್ನೂ ಅವರ ಟೀಚರನ್ನೂ ಕೊಂದ. ಮರುವರ್ಷವೇ ಬ್ರಿಟನ್ ಕೈಬಂದೂಕುಗಳನ್ನು ನಿಷೇಧಿಸಿತು. ಅಂಥದ್ದು ಅಲ್ಲಿನ ಶಾಲೆಗಳಲ್ಲಿ ಮತ್ತೆ ನಡೆದಿಲ್ಲ. ಅಮೆರಿಕದವರು ಇದನ್ನು ನೋಡಿಯೂ ಸುಮ್ಮನಿರುವುದು ನನಗೆ ಸಿಟ್ಟು ತರಿಸುತ್ತದೆ. ಹಾಗಂತ ಬಂದೂಕೊಂದೇ ಕಾರಣ ಅಂದರೆ ನಮ್ಮ ಕೊಡಗಿನ ಮಾತೇನು? ಅಲ್ಲಿ ಕೊಡವರಿಗೆ ಕೋವಿ ಲೈಸೆನ್ಸಿನ ವಿನಾಯಿತಿಯೇ ಇದೆ. ಕೈಲ್ ಮುಹೂರ್ತದ ಹಬ್ಬದ ದಿನ ಕೋವಿಗೆ ತೋಕ್‌ಪೂ ಅನ್ನೋ ಹೂವು ಸಿಗಿಸಿ ಪೂಜೆ ಮಾಡುತ್ತಾರೆ. ಆ ಮನೆಗಳ ಮಕ್ಕಳು ಕೋವಿ ನೋಡುತ್ತಲೇ ಬೆಳೆಯುತ್ತಾರೆ, ಹಿರಿಯರ ಕಣ್ಣೆದುರಿಗೆ. ತನ್ನ ಸಿಟ್ಟಿಗೆ ಕೋವಿಯೇ ಉತ್ತರ ಅಂತ ಅಲ್ಲಿನ ಹುಡುಗನಿಗೆ ಯಾರೂ ಕಲಿಸಿಲ್ಲ. ಅದೂ ಅಲ್ಲದೆ ತೋಟದ ಕೋವಿಗೂ ಅಮೆರಿಕದ ಅಂಗಡಿಯಲ್ಲಿ ಸಿಗುವ ರೈಫಲ್ಲಿಗೂ ಅಜಗಜಾಂತರ.

ನಮ್ಮ ದೇಶದಲ್ಲಿ ಇಂಥದ್ದು ಆಗೋದೇ ಇಲ್ಲ ಅಂತ ಎದೆ ತಟ್ಟಿಕೊಳ್ಳುವ ಹಾಗೂ ಇಲ್ಲ. 2007ರ ಡಿಸೆಂಬರಿನಲ್ಲಿ ಗುರುಗ್ರಾಮದ ಶಾಲೆಯೊಂದರಲ್ಲಿ ಎಂಟನೇ ಕ್ಲಾಸಿನ ಇಬ್ಬರು ಹುಡುಗರು ಸಹಪಾಠಿಯನ್ನು ಗುಂಡಿಟ್ಟು ಕೊಂದರು. 2012ರಲ್ಲಿ ಚೆನ್ನೈಯಲ್ಲಿ ಒಂಬತ್ತನೇ ಕ್ಲಾಸಿನ ಹುಡುಗ ಟೀಚರನ್ನು ಕ್ಲಾಸಿನಲ್ಲೇ ಇರಿದು ಕೊಂದ. 2018ರಲ್ಲಿ ಹರಿಯಾಣದ ಯಮುನಾನಗರದಲ್ಲಿ ಹನ್ನೆರಡನೇ ಕ್ಲಾಸಿನವನು ಪ್ರಿನ್ಸಿಪಾಲರಿಗೆ ಅಪ್ಪನ ರಿವಾಲ್ವರಿನಿಂದ ಗುಂಡು ಹೊಡೆದ. 2025ರ ಆಗಸ್ಟಿನಲ್ಲಿ ಉತ್ತರಾಖಂಡದ ಕಾಶೀಪುರದಲ್ಲಿ ಕಪಾಳಕ್ಕೆ ಹೊಡೆದ ಶಿಕ್ಷಕರ ಮೇಲೆ ಹುಡುಗನೊಬ್ಬ ಗುಂಡು ಹಾರಿಸಿದ. ಪಿಸ್ತೂಲು ಊಟದ ಡಬ್ಬಿಯಲ್ಲಿ ಬಂದಿತ್ತು.

ಈಗ ನನ್ನದೇ ಕ್ಲಾಸಿನ ಮಾತು. ಕೆಲವು ವರ್ಷಗಳ ಹಿಂದೆ ಒಂಬತ್ತನೇ ಕ್ಲಾಸಿನ ಹುಡುಗನೊಬ್ಬನ ರಫ್ ಬುಕ್ಕಿನ ಕೊನೆ ಪುಟ ಕಣ್ಣಿಗೆ ಬಿತ್ತು. ಮಕ್ಕಳ ಕೊನೆ ಪುಟ ನೋಡುವುದು ನನಗೆ ಅಭ್ಯಾಸ. ಅಲ್ಲಿ ಕ್ಲಾಸಿನ ಕೆಲವು ಹುಡುಗರ ಹೆಸರು ಸಾಲಾಗಿ ಬರೆದಿದ್ದ. ಪ್ರತಿ ಹೆಸರಿನ ಮೇಲೂ ಹಾಳೆ ಹರಿಯುವಷ್ಟು ಒತ್ತಿ ಎಳೆದ ಅಡ್ಡಗೀಟು. ಸಾಲಿನ ಕೊನೆಗೆ ಅವನದೇ ಹೆಸರು, ಅದರ ಮೇಲೂ ಗೀಟು.

ಅವನಪ್ಪ ಘಾಟ್‌ಕೋಪರ್ ಕಡೆ ಹೋಟೆಲಿನಲ್ಲಿ ಕೆಲಸಕ್ಕಿದ್ದವರು, ರಾತ್ರಿ ಕೊನೆಯ ಲೋಕಲ್ ಹಿಡಿದು ಬರುವವರು. ಊರು ಕುಂದಾಪುರದ ಕಡೆ. ಶಾಲೆಯಲ್ಲಿ ಇಂಗ್ಲಿಷು, ಗೆಳೆಯರ ಜೊತೆ ಮರಾಠಿ, ಹಿಂದಿ. ನಾನು ಅವನನ್ನು ಸ್ಟಾಫ್ ರೂಮಿನ ಪಕ್ಕದ ಬೆಂಚಿನ ಮೇಲೆ ಕೂರಿಸಿಕೊಂಡು ಕನ್ನಡದಲ್ಲಿ ಕೇಳಿದೆ, "ಎಂತ ಆಯ್ತು ಮಗಾ?" ತುಂಬಾ ಹೊತ್ತು ಮಾತಿಲ್ಲ. ಆಮೇಲೆ ಬಾಯಿ ಬಿಟ್ಟ. ಟಾಯ್ಲೆಟ್ಟಿನಲ್ಲಿ ಅವನ ಪ್ಯಾಂಟು ಎಳೆದು ವಿಡಿಯೋ ಮಾಡಿ ಕ್ಲಾಸಿನ ವಾಟ್ಸಾಪ್ ಗ್ರೂಪಿಗೆ ಹಾಕಿದ್ದರು. ದಿನಾ ಯಾರೋ ಒಬ್ಬರು ಅದನ್ನು ಮತ್ತೆ ಹಾಕುತ್ತಿದ್ದರು.

ಶಾಲೆಯ ಆಡಳಿತದವರಿಗೆ ಆ ಪುಟ ತೋರಿಸಿದಾಗ ಮೊದಲು ಬಂದ ಮಾತು, "ಎಲ್.ಸಿ. (ಶಾಲೆ ಬಿಟ್ಟ ಸರ್ಟಿಫಿಕೇಟು) ಕೊಟ್ಟು ಕಳಿಸಿಬಿಡೋಣ." ನಾನು ಒಪ್ಪಲಿಲ್ಲ, ಜಗಳವೇ ಆಯಿತು. ಫ್ಲಾರಿಡಾದ ಪಾರ್ಕ್‌ಲ್ಯಾಂಡಿನಲ್ಲಿ 2018ರಲ್ಲಿ 17 ಜನರನ್ನು ಕೊಂದವನನ್ನು ಆ ಶಾಲೆ ಅದಕ್ಕೂ ಮೊದಲೇ ಹೊರಗೆ ಹಾಕಿತ್ತು. ಅವನು ಬಂದೂಕು ಹಿಡಿದು ಅದೇ ಶಾಲೆಗೆ ವಾಪಸ್ ಬಂದ. ಎಲ್.ಸಿ. ಕೊಟ್ಟರೆ ಹುಡುಗನ ಸಿಟ್ಟೇನು ಕಡಿಮೆ ಆಗುತ್ತದಾ? ಅವನ ಮೇಲೆ ಕಣ್ಣಿಟ್ಟಿದ್ದ ಒಬ್ಬ ಟೀಚರೂ ತಪ್ಪಿಹೋಗುತ್ತಾರೆ, ಅಷ್ಟೇ. ಕೊನೆಗೆ ವಿಡಿಯೋ ಮಾಡಿದವರ ಪಾಲಕರನ್ನೂ ಕರೆಸಿದರು. ಹುಡುಗನನ್ನು ಆಸ್ಪತ್ರೆಯ ಮನೋವೈದ್ಯರ ಹತ್ತಿರ ಕಳಿಸಿದೆವು. ಅಪ್ಪ ವಾರಕ್ಕೊಂದು ದಿನ ರಜೆ ಹಾಕಿ ಜೊತೆಗೆ ಹೋದರು. ಹುಡುಗ ಅದೇ ಶಾಲೆಯಲ್ಲಿ ಹತ್ತನೇ ಕ್ಲಾಸು ಮುಗಿಸಿದ.

ಅವನು ಯಾರನ್ನಾದರೂ ಕೊಲ್ಲುತ್ತಿದ್ದ ಅಂತ ನಾನು ಹೇಳುತ್ತಿಲ್ಲ. ಬಹುಶಃ ಆ ಸಾಲಿನ ಕೊನೆಯ ಹೆಸರೊಂದೇ ಅಳಿಸಿಹೋಗುತ್ತಿತ್ತು. ನಮ್ಮಲ್ಲಿ ಹಾಗೇ ಆಗುವುದು ಜಾಸ್ತಿ. ಎನ್‌ಸಿಆರ್‌ಬಿ (ರಾಷ್ಟ್ರೀಯ ಅಪರಾಧ ದಾಖಲೆ ಬ್ಯೂರೋ) ಲೆಕ್ಕದ ಪ್ರಕಾರ 2022ರಲ್ಲಿ ದೇಶದಲ್ಲಿ 13,044 ವಿದ್ಯಾರ್ಥಿಗಳು ಆತ್ಮಹತ್ಯೆ ಮಾಡಿಕೊಂಡರು. ಎಲ್ಲಕ್ಕಿಂತ ಹೆಚ್ಚು ನಮ್ಮ ಮಹಾರಾಷ್ಟ್ರದಲ್ಲಿ, 1,764. ಅಮೆರಿಕದಲ್ಲಿ ಕೆಲವು ಹುಡುಗರು ಬೇರೆಯವರನ್ನೂ ಕೊಂದು ಸಾಯುತ್ತಾರೆ. ಇಲ್ಲಿ ನಮ್ಮ ಮಕ್ಕಳು ಒಬ್ಬರೇ ಸಾಯುತ್ತಾರೆ, ಆದ್ದರಿಂದ ಟಿವಿಯಲ್ಲಿ ಬರುವುದಿಲ್ಲ. ಎರಡಕ್ಕೂ ಮುಂಚೆ ಇರುವ ಆ ಕತ್ತಲು ಮಾತ್ರ ಬಹಳಷ್ಟು ಸಲ ಒಂದೇ.

2025ರ ಜುಲೈಯಲ್ಲಿ ಸುಪ್ರೀಂ ಕೋರ್ಟ್ ಒಂದು ಒಳ್ಳೆಯ ಕೆಲಸ ಮಾಡಿದೆ. ನೂರು ಅಥವಾ ಅದಕ್ಕಿಂತ ಹೆಚ್ಚು ಮಕ್ಕಳಿರುವ ಪ್ರತಿ ಶಿಕ್ಷಣ ಸಂಸ್ಥೆಯಲ್ಲೂ ತರಬೇತಿ ಪಡೆದ ಒಬ್ಬ ಆಪ್ತಸಲಹೆಗಾರರಾದರೂ ಇರಬೇಕು ಅಂತ ಹೇಳಿದೆ. ಇದು ನಮ್ಮ ಡೊಂಬಿವಲಿ, ಮುಲುಂಡ್, ಥಾಣೆಯ ಶಾಲೆಗಳಿಗೂ ಅನ್ವಯಿಸುತ್ತದೆ. ಮುಂದಿನ ಪಿ.ಟಿ.ಎ. ಮೀಟಿಂಗಿನಲ್ಲಿ ಫೀಸು, ಬಸ್ಸು, ಪೋರ್ಷನ್ ಮುಗಿಯಿತಾ ಅನ್ನೋದರ ಜೊತೆಗೆ ಇದನ್ನೂ ಕೇಳಿ: ಆ ಸಲಹೆಗಾರರು ಯಾರು, ಯಾವ ದಿನ ಬರುತ್ತಾರೆ, ಮಗು ಟೀಚರಿಗೆ ಹೇಳದೆ ನೇರವಾಗಿ ಅವರ ಹತ್ತಿರ ಹೋಗಬಹುದಾ? ಮನೆಯಲ್ಲಿ ಯಾರಿಗಾದರೂ ಈಗಲೇ ಮಾತಾಡಬೇಕು ಅನಿಸಿದರೆ ಸರ್ಕಾರದ ಟೆಲಿ ಮಾನಸ್ ಇದೆ, ನಂಬರ್ 14416, ಹಗಲು ರಾತ್ರಿ ಯಾವಾಗ ಬೇಕಾದರೂ. ದುಡ್ಡು ಕೊಡಬೇಕಾಗಿಲ್ಲ, ಕನ್ನಡದಲ್ಲೂ ಮರಾಠಿಯಲ್ಲೂ ಮಾತಾಡುತ್ತಾರೆ. ನಮ್ಮ ಶಾಲೆಯ ಮೀಟಿಂಗ್ ಬರುವ ಶನಿವಾರ ಇದೆ. ಈ ಪ್ರಶ್ನೆಯನ್ನು ನಾನೇ ಎದ್ದು ನಿಂತು ಕೇಳುತ್ತೇನೆ. ನಿಮ್ಮ ಶಾಲೆಯವರು ಏನು ಉತ್ತರ ಕೊಟ್ಟರು ಅಂತ ಇಲ್ಲಿ ಬರೆಯಿರಿ.