ಸ್ಪಷ್ಟನೆ: ‘ಮಾತಿಗೆ ಬೆಲೆ ಬರೀ 7%’ ಎಂಬ ಮೆಸೇಜ್ ಬಗ್ಗೆ

‘ಸಂವಹನದಲ್ಲಿ ಪದಗಳ ಪಾಲು 7%, ದನಿ 38%, ಹಾವಭಾವ 55%. ಹಾಗಾಗಿ ಬೇರೆ ಸಂಸ್ಕೃತಿಯವರ ಜೊತೆ ಕೆಲಸ ಮಾಡಲು ಭಾಷೆ ಬೇಕಿಲ್ಲ, ಹಾವಭಾವ ಸಾಕು’ ಎಂಬ ಮೆಸೇಜ್ ಓಡಾಡುತ್ತಿದೆ. ನಾನೂ ಹಂಚಿದ್ದೆ. ಅದು ತಪ್ಪು.

ಈ ಅಂಕಿಗಳು ಮನೋವಿಜ್ಞಾನಿ ಆಲ್ಬರ್ಟ್ ಮೆಹ್ರೇಬಿಯನ್ ಅವರ 1967ರ ಎರಡು ಪ್ರಯೋಗಗಳಿಂದ ಬಂದವು. ಒಂದರಲ್ಲಿ ‘ಮೇಬಿ’ (maybe, ‘ಇರಬಹುದು’) ಎಂಬ ಒಂದೇ ಇಂಗ್ಲಿಷ್ ಪದವನ್ನು ಬೇರೆ ಬೇರೆ ದನಿಯಲ್ಲಿ ಕೇಳಿಸಿ, ಮುಖದ ಫೋಟೊಗಳನ್ನು ತೋರಿಸಿ, ಹೇಳುವವರಿಗೆ ಎದುರಿಗಿರುವವರು ಇಷ್ಟವೋ ಇಲ್ಲವೋ ಊಹಿಸಿ ಎಂದಿದ್ದರು. ಅಷ್ಟೇ. ಭಾವನೆ, ಇಷ್ಟಾನಿಷ್ಟದ ಮಾತಿಗೆ ಮಾತ್ರ ಈ ಲೆಕ್ಕ ಎಂದು ಅವರೇ ಹೇಳಿದ್ದಾರೆ. ಪಾಠ, ಮೀಟಿಂಗ್, ಸುರಕ್ಷತೆಯ ಸೂಚನೆಗೆ ಇದು ಹೊಂದುವುದಿಲ್ಲ.

ಹಾವಭಾವವೂ ಎಲ್ಲ ಕಡೆ ಒಂದೇ ಅಲ್ಲ. ಬಲ್ಗೇರಿಯಾದಲ್ಲಿ ತಲೆಯನ್ನು ಮೇಲಕ್ಕೆ ಎತ್ತಿದರೆ ‘ಇಲ್ಲ’, ಅತ್ತಿತ್ತ ಆಡಿಸಿದರೆ ‘ಹೌದು’. ಕೆಲವೆಡೆ ಕಣ್ಣು ತಗ್ಗಿಸುವುದೇ ಗೌರವ. ಅಂಥ ವಿದ್ಯಾರ್ಥಿಗೆ ಆಸಕ್ತಿಯಿಲ್ಲ ಎಂದು ಸುಮ್ನೆ ಅಂದುಕೊಂಡುಬಿಟ್ಟರೆ ಅನ್ಯಾಯ ಅಲ್ವಾ? ಅನುವಾದಕರು ಬೇಕಾದ ಕಡೆ ‘ಭಾಷೆ ಬೇಕಿಲ್ಲ’ ಅಂದರೆ ಭಾಷೆ ಬಾರದವರೇ ಹೊರಗುಳಿಯುತ್ತಾರೆ. ನನಗೆ ಜಾಸ್ತಿ ಚಿಂತೆ ಅದೇ.

ದಯವಿಟ್ಟು ಆ ಮೆಸೇಜನ್ನು ಮುಂದೆ ಕಳಿಸಬೇಡಿ. ಕಳಿಸಿದ್ದರೆ, ಅದೇ ಗುಂಪಿಗೆ ಈ ಸ್ಪಷ್ಟನೆಯನ್ನೂ ಹಾಕಿ.