ಈ ಕಪ್ಪು ಕಿಟಕಿ ಮಾಡಿದವರು ಒಂದು ದಿನವಾದರೂ ಅದನ್ನು ಬಳಸಿದ್ದಾರಾ?

ಮನೆಯಲ್ಲಿ ಎನ್‌ಎಎಸ್ (ಮನೆಯವರೆಲ್ಲರ ಫೈಲುಗಳನ್ನು ನೆಟ್‌ವರ್ಕ್‌ನಲ್ಲಿ ಇಡುವ ಡಿಸ್ಕ್ ಪೆಟ್ಟಿಗೆ) ಇಟ್ಟುಕೊಂಡವರಿಗೆ ತಕ್ಷಣ ಗೊತ್ತಾಗುತ್ತದೆ. ಬ್ರೌಸರ್‌ನಲ್ಲಿ ಲಾಗಿನ್ ಆಗಿ, ಕಂಟೇನರ್‌ಗಳ (ಒಂದೊಂದು ತಂತ್ರಾಂಶವನ್ನೂ ಬೇರೆಯಾಗಿಟ್ಟು ಓಡಿಸುವ ಡಬ್ಬಿಗಳು) ಪಟ್ಟಿ ತೆಗೆದು, ಬೇಕಾದ್ದರ ಮೇಲೆ ಕ್ಲಿಕ್ ಮಾಡಿ "ಟರ್ಮಿನಲ್" ಅಂತ ಒತ್ತಿದರೆ ಕಮಾಂಡ್ ಟೈಪ್ ಮಾಡುವ ಒಂದು ಕಪ್ಪು ಕಿಟಕಿ ಬರುತ್ತದಲ್ಲ, ಅದರ ಬಗ್ಗೆ ಹೇಳುತ್ತಿದ್ದೇನೆ. ತಲೆ ಕೆಟ್ಟು ಹೋಗಿದೆ. ಇದನ್ನು ಮಾಡಿದವರು ಒಂದು ದಿನ ಕೂತು ಇದರಲ್ಲಿ ನಿಜವಾದ ಕೆಲಸ ಮಾಡಿ ನೋಡಿದ್ದಾರಾ? ನೋಡಿದ್ದರೆ ಹೀಗೆ ಬಿಡುತ್ತಿರಲಿಲ್ಲ. ಕಾಟಾಚಾರಕ್ಕೆ ಮಾಡಿದ ಕೆಲಸ ಅಂತ ಪ್ರತಿ ಸಲ ಕಣ್ಣಿಗೆ ಹೊಡೆಯುತ್ತದೆ. ಕಂಪನಿಯ ಹೆಸರು ಇಲ್ಲಿ ಬೇಡ, ವಿಷಯ ಮುಖ್ಯ.

ಎರಡು ಡಿಸ್ಕ್ ಸೇರಿ ಅರ್ಧ ಲಕ್ಷದ ಹತ್ತಿರ ಕೊಟ್ಟು ತಂದ ಪೆಟ್ಟಿಗೆ ಇದು. ಮಾರುವಾಗ ಹೇಳಿದ್ದು ಒಂದೇ ಮಾತು: ಕಮಾಂಡ್ ಗಿಮಾಂಡ್ ಏನೂ ಬೇಡ, ಎಲ್ಲ ಮೌಸ್‌ನಲ್ಲೇ ಆಗುತ್ತದೆ. ಅಪ್ಪನ ಕಾಲದ ಫೋಟೋಗಳನ್ನೆಲ್ಲ ಸ್ಕ್ಯಾನ್ ಮಾಡಿ ಅದರಲ್ಲಿ ಹಾಕಿದ್ದೇನೆ, ಮನೆ ಪತ್ರ, ಮಕ್ಕಳ ವಿಡಿಯೋ ಎಲ್ಲ ಅಲ್ಲೇ ಇದೆ, ಮನೆಯವರೆಲ್ಲರ ಫೋನಿನಿಂದ ನೋಡಲಿಕ್ಕೆ ಡಾಕರ್‌ನಲ್ಲಿ (ಕಂಟೇನರ್‌ಗಳನ್ನು ಓಡಿಸುವ ತಂತ್ರಾಂಶ) ನೆಕ್ಸ್ಟ್‌ಕ್ಲೌಡ್ ಎಂಬ ಫೈಲ್ ಹಂಚಿಕೊಳ್ಳುವ ತಂತ್ರಾಂಶ ಹಾಕಿದ್ದೇನೆ. ಆದರೆ ನೆಕ್ಸ್ಟ್‌ಕ್ಲೌಡ್ ಮೌಸ್‌ನಲ್ಲೇ ಮುಗಿಯುವ ತಂತ್ರಾಂಶ ಅಲ್ಲ. ಹೊಸ ಆವೃತ್ತಿಗೆ ಏರಿಸಿದರೆ ಎಷ್ಟೋ ಸಲ ಅದರ ಅಡ್ಮಿನ್ ಪುಟವೇ "ಡೇಟಾಬೇಸ್‌ನಲ್ಲಿ ಕೆಲವು ಇಂಡೆಕ್ಸ್ ಇಲ್ಲ, ಈ ಓಸಿಸಿ ಕಮಾಂಡ್ ಓಡಿಸಿ" ಅಂತ ಹಳದಿ ಎಚ್ಚರಿಕೆ ತೋರಿಸುತ್ತದೆ. ಓಸಿಸಿ ಅಂದರೆ ನೆಕ್ಸ್ಟ್‌ಕ್ಲೌಡ್‌ನದೇ ಕಮಾಂಡ್ ಸಾಧನ. ಫೋಟೋಗಳನ್ನು ನೇರವಾಗಿ ಫೋಲ್ಡರ್‌ಗೆ ನಕಲು ಮಾಡಿದರೆ, ಓಸಿಸಿಯಲ್ಲಿ ಸ್ಕ್ಯಾನ್ ಓಡಿಸುವವರೆಗೆ ಅವು ನೆಕ್ಸ್ಟ್‌ಕ್ಲೌಡ್‌ಗೆ ಕಾಣುವುದೇ ಇಲ್ಲ. ಅಂದರೆ ಟರ್ಮಿನಲ್ ಬೇಕೇ ಬೇಕು. ಇದು ನನ್ನ ಶೋಕಿ ಅಲ್ಲ, ಈ ಪೆಟ್ಟಿಗೆಯನ್ನು ಹೇಗೆ ಬಳಸಿ ಅಂತ ಅವರು ಹೇಳಿದರೋ ಹಾಗೆ ಬಳಸಿದರೆ ಬಂದೇ ಬರುವ ಅಗತ್ಯ. ಅಂಥ ಹೊತ್ತಿಗೆ ಕೈಗೆ ಸಿಗುವುದು ಆ ಕಿಟಕಿ.

ಮೊದಲ ಕಾಟ: ಅದು ಯಾವಾಗಲೂ ಬ್ಯಾಷ್ ಎಂಬ ಶೆಲ್ (ನಾವು ಟೈಪ್ ಮಾಡಿದ ಕಮಾಂಡ್ ಓದಿ ಓಡಿಸುವ ಪ್ರೋಗ್ರಾಂ) ಅನ್ನೇ ಕರೆಯುತ್ತದೆ. ಆಲ್ಪೈನ್ ಎಂಬ ಪುಟ್ಟ ಲಿನಕ್ಸ್ ಮೇಲೆ ಕಟ್ಟಿದ ಇಮೇಜ್‌ಗಳಲ್ಲಿ (ಕಂಟೇನರ್ ಹುಟ್ಟುವ ಅಚ್ಚುಗಳು) ಸಾಮಾನ್ಯವಾಗಿ ಬ್ಯಾಷ್ ಇರುವುದಿಲ್ಲ. ಆಲ್ಪೈನ್ ಮೂಲ ಇಮೇಜ್ ಕೆಲವೇ ಎಂಬಿ, ಅದನ್ನು ಜನ ಬಳಸುವುದೇ ಅದು ಸಣ್ಣದು ಅಂತ, ಅದರಲ್ಲಿ ಬ್ಯುಸಿಬಾಕ್ಸ್ ಎಂಬ ಸಣ್ಣ ಕಮಾಂಡ್‌ಗಳ ಕಟ್ಟಿನ ಜೊತೆಗೆ ಬರುವ ಚಿಕ್ಕ ಶೆಲ್ ಮಾತ್ರ ಇರುತ್ತದೆ. ಕಂಟೇನರ್ ಬಳಸುವ ಪ್ರತಿಯೊಬ್ಬರಿಗೂ ಗೊತ್ತಿರುವ ಮಾತು ಇದು. ಇವರಿಗೆ ಮಾತ್ರ ಗೊತ್ತಿಲ್ಲ. ಟರ್ಮಿನಲ್ ಒತ್ತುತ್ತೀರಿ, ಕಪ್ಪು ಕಿಟಕಿ ಒಂದು ಕ್ಷಣ ಬರುತ್ತದೆ, ಹೋಗುತ್ತದೆ. ಅಷ್ಟೇ. ಯಾಕೆ ಹೋಯಿತು ಅಂತ ಒಂದಕ್ಷರ ಇಲ್ಲ. ಅದೇ ಕೆಲಸವನ್ನು ಎಸ್‌ಎಸ್‌ಎಚ್‌ನಿಂದ (ಬೇರೆ ಕಂಪ್ಯೂಟರಿನಿಂದ ಪೆಟ್ಟಿಗೆಗೆ ಕಮಾಂಡ್ ಕೊಡುವ ದಾರಿ) ಮಾಡಿದರೆ "ಬ್ಯಾಷ್ ಎಂಬ ಫೈಲ್ ಸಿಗಲಿಲ್ಲ" ಅಂತ ಡಾಕರ್ ಸ್ಪಷ್ಟವಾಗಿ ಹೇಳುತ್ತದೆ. ಅಂದರೆ ಕಾರಣ ಇವರ ಕೈಗೆ ಬಂದಿರುತ್ತದೆ, ನಮಗೆ ತೋರಿಸುವುದಿಲ್ಲ! ನನಗೆ ಅತಿ ಜಾಸ್ತಿ ಸಿಟ್ಟು ಬರುವುದು ಇದಕ್ಕೇ. ಏನು ತಪ್ಪಾಯಿತು ಅಂತ ಹೇಳುವ ಸಂದೇಶವನ್ನು ನುಂಗಿ ಹಾಕಿದರೆ ಬಳಸುವವನು ತನ್ನ ಕಂಟೇನರೇ ಹಾಳಾಗಿದೆ ಅಂದುಕೊಳ್ಳುತ್ತಾನೆ.

ಶಿರಸಿಯಲ್ಲಿರುವ ನನ್ನ ಭಾವನಿಗೆ ಹಾಗೇ ಆಯಿತು. ನನ್ನ ಮಾತು ಕೇಳಿ ಅವರೂ ಇದೇ ಪೆಟ್ಟಿಗೆ ತಂದಿದ್ದಾರೆ. ಫೋನಿನಲ್ಲಿ ಹೇಳಿಕೊಡುತ್ತಿದ್ದೆ.

"ಭಾವ, ಟರ್ಮಿನಲ್ ಅಂತ ಇದೆಯಲ್ಲ, ಅದನ್ನು ಒತ್ತಿ."

"ಒತ್ತಿದೆ ಮಾರಾಯ, ಬಂತು, ಹೋಯ್ತು."

"ಇನ್ನೊಂದು ಸಲ ಒತ್ತಿ ನೋಡಿ."

"ಮತ್ತೆ ಹೋಯ್ತು. ನಾ ಎಂತದಾದ್ರೂ ಹಾಳು ಮಾಡಿದ್ನಾ?"

ಅರವತ್ತು ದಾಟಿದ ಮನುಷ್ಯ, ಆಸಕ್ತಿಯಿಂದ ಕಲಿಯಲಿಕ್ಕೆ ಕೂತವರು, ಭಯಬಿದ್ದು ಕೈ ತೆಗೆದರು. ಒಂದು ಸಾಲಿನ ಸಂದೇಶ ಇದ್ದಿದ್ದರೆ ಆ ಭಯ ಇರುತ್ತಿರಲಿಲ್ಲ.

ಸರಿ, ಬ್ಯಾಷ್ ಇರುವ ಇಮೇಜ್ ಅಂತಲೇ ಇಟ್ಟುಕೊಳ್ಳೋಣ. ಒಳಗೆ ಹೋದರೆ ರೂಟ್ (ಎಲ್ಲ ಅಧಿಕಾರವೂ ಇರುವ ಬಳಕೆದಾರ) ಆಗಿ ಹೋಗುತ್ತೀರಿ, ಬೇರೆ ಬಳಕೆದಾರನಾಗಿ ಹೋಗುವ ಆಯ್ಕೆಯೇ ಇಲ್ಲ. ನೆಕ್ಸ್ಟ್‌ಕ್ಲೌಡ್‌ನ ಓಸಿಸಿ ರೂಟ್ ಆಗಿ ಓಡಿಸಿದರೆ ಒಪ್ಪುವುದಿಲ್ಲ. ಕಾನ್ಫಿಗ್ ಫೈಲ್ ಯಾರ ಹೆಸರಿನಲ್ಲಿದೆಯೋ ಅವರೇ ಓಡಿಸಬೇಕು, ನೀನು ಬಳಕೆದಾರ 0 (ರೂಟ್), ಫೈಲಿನ ಒಡೆಯ ಬಳಕೆದಾರ 33 (ವೆಬ್ ಸರ್ವರ್) ಅಂತ ಹೇಳಿ ನಿಲ್ಲಿಸಿಬಿಡುತ್ತದೆ. ಅದು ಸರಿಯೇ, ರೂಟ್ ಹೆಸರಿನಲ್ಲಿ ಫೈಲುಗಳು ಹುಟ್ಟಿಕೊಂಡರೆ ಆಮೇಲೆ ವೆಬ್ ಸರ್ವರ್‌ಗೆ ಬರೆಯಲು ಆಗುವುದಿಲ್ಲ. ಕಮಾಂಡ್ ಮುಂದೆ ಸುಡೋ (ಬೇರೆ ಬಳಕೆದಾರನ ಹೆಸರಿನಲ್ಲಿ ಓಡಿಸುವ ಕಮಾಂಡ್) ಸೇರಿಸು ಅಂತ ಸಲಹೆಯನ್ನೂ ಕೊಡುತ್ತದೆ, ಆದರೆ ಆ ಕಂಟೇನರ್ ಒಳಗೆ ಸುಡೋ ಇಲ್ಲ. ಹಾಗಾಗಿ ಅದೇ ಕೆಲಸ ಮಾಡುವ ಎಸ್‌ಯು ಕಮಾಂಡ್ ಬಳಸಬೇಕು, ಆ ಬಳಕೆದಾರನಿಗೆ ಲಾಗಿನ್ ಶೆಲ್ ಇಲ್ಲದ್ದರಿಂದ ಶೆಲ್ ಯಾವುದು ಅಂತ ಬೇರೆ ಹೇಳಬೇಕು, ಓಡಿಸಬೇಕಾದ್ದನ್ನೆಲ್ಲ ಕೋಟ್ಸ್ ಒಳಗೆ ತುರುಕಬೇಕು. ಇಷ್ಟು ಉದ್ದದ ಸಾಲನ್ನು, ಮೌಸ್ ಸಾಕು ಅಂತ ನಂಬಿ ಬಂದವನು ಎಲ್ಲಿಂದ ಕಲಿತು ಬರಬೇಕು, ಹೇಳಿ?

ಆ ಉದ್ದದ ಸಾಲನ್ನು ಪೇಸ್ಟ್ ಮಾಡೋಣ ಅಂದರೆ ಪೇಸ್ಟ್ ಆಗುವುದಿಲ್ಲ. ಕಂಟ್ರೋಲ್ ವಿ ಒತ್ತಿದರೆ ಏನೂ ಆಗುವುದಿಲ್ಲ. ಬಲ ಕ್ಲಿಕ್ ಮಾಡಿದರೆ ಇವರದೇ ಒಂದು ಮೆನು ಬರುತ್ತದೆ, ಅದರಲ್ಲಿ ಪೇಸ್ಟ್ ಇಲ್ಲ. ನಕಲು ಮಾಡಲು ಟರ್ಮಿನಲ್ ಅಭ್ಯಾಸದಂತೆ ಕಂಟ್ರೋಲ್ ಶಿಫ್ಟ್ ಸಿ ಒತ್ತಿದರೆ ಬ್ರೌಸರ್‌ನ ಡೆವಲಪರ್ ಕಿಟಕಿ ತೆರೆದುಕೊಳ್ಳುತ್ತದೆ. ಇನ್ನು ಕಂಟ್ರೋಲ್ ಡಬ್ಲ್ಯೂ. ಟರ್ಮಿನಲ್‌ನಲ್ಲಿ ಕೆಲಸ ಮಾಡುವವರ ಬೆರಳಿಗೆ ಅದು ಒಂದು ಪದ ಅಳಿಸುವ ಕೀಲಿ, ಬ್ರೌಸರ್‌ಗೆ ಟ್ಯಾಬ್ ಮುಚ್ಚುವ ಕೀಲಿ. ಒತ್ತಿದ ತಕ್ಷಣ ಇಡೀ ಟ್ಯಾಬ್ ಹೋಯಿತು, ಒಳಗಿದ್ದ ಎಲ್ಲ ಹೋಯಿತು. ಆ ಕೀಲಿಯನ್ನು ತಡೆಯಲು ಕ್ರೋಮ್ ವೆಬ್ ಪುಟಗಳಿಗೆ ಬಿಡುವುದಿಲ್ಲ, ಅದು ನನಗೂ ಗೊತ್ತು. ಆದರೆ ಟ್ಯಾಬ್ ಮುಚ್ಚುವ ಮೊದಲು "ನಿಜವಾಗಿಯೂ ಮುಚ್ಚಬೇಕಾ" ಅಂತ ಕೇಳಿಸಲು ಪುಟಕ್ಕೆ ಬರುತ್ತದೆ. ಅರ್ಧ ಬರೆದ ಫಾರಂ ಬಿಟ್ಟು ಹೊರಟರೆ ಎಷ್ಟೋ ವೆಬ್‌ಸೈಟ್‌ಗಳು ಕೇಳುತ್ತವೆ, ಅಲ್ವಾ? ಓಡುತ್ತಿರುವ ಕಮಾಂಡ್ ಇರುವ ಕಿಟಕಿಗೆ ಆ ಒಂದು ಪ್ರಶ್ನೆ ಹಾಕಲು ಇವರಿಗೆ ಏನು ಕಷ್ಟ?

ಕಿಟಕಿಯ ಅಗಲದ ಬಗ್ಗೆ ಹೆಚ್ಚು ಹೇಳುವುದಿಲ್ಲ. ಎಷ್ಟೇ ದೊಡ್ಡದು ಮಾಡಿ ಎಳೆದರೂ ಒಳಗಿನ ಅಕ್ಷರಗಳು 80 ಕಾಲಂ, 24 ಸಾಲಿನಲ್ಲೇ ಕೂರುತ್ತವೆ. ಅದು 1978ರ ವಿಟಿ100 ಟರ್ಮಿನಲ್‌ನ ಅಳತೆ. ಉದ್ದದ ಕಮಾಂಡ್ ಟೈಪ್ ಮಾಡುತ್ತಾ ಹೋದರೆ ಸಾಲು ಮುಂದಿನ ಸಾಲಿಗೆ ಇಳಿಯದೆ ಅದೇ ಸಾಲಿನ ಮೊದಲಿಗೆ ಬಂದು ಹಳೆಯದರ ಮೇಲೆ ಬರೆದುಕೊಳ್ಳುತ್ತದೆ. ನೀವು ಏನು ಬರೆದಿದ್ದೀರಿ ಅಂತ ನಿಮಗೇ ಕಾಣುವುದಿಲ್ಲ, ಎಂಟರ್ ಒತ್ತಬೇಕು. ಫೈಲ್ ಅಳಿಸುವ ಕಮಾಂಡ್ ಆಗಿದ್ದರೆ?

ಇದಕ್ಕಿಂತ ಕೆಟ್ಟದ್ದು ಮಧ್ಯದಲ್ಲಿ ಕೈಬಿಡುವುದು. ಸಾವಿರಾರು ಫೋಟೋಗಳ ಸ್ಕ್ಯಾನ್ ಬೇಗ ಮುಗಿಯುವುದಿಲ್ಲ. ಶುರು ಮಾಡಿ ಊಟಕ್ಕೆ ಎದ್ದು ಬಂದರೆ, ಮೌಸ್ ಅಲ್ಲಾಡಲಿಲ್ಲ ಅಂತ ಎನ್‌ಎಎಸ್‌ನ ಪುಟ ಲಾಗೌಟ್ ಆಗಿರುತ್ತದೆ, ಅದರ ಜೊತೆ ಟರ್ಮಿನಲ್ ಕೂಡ. ತೆರೆಯ ಮೇಲೆ ಸಾಲು ಸಾಲಾಗಿ ಅಕ್ಷರ ಬರುತ್ತಿದ್ದರೂ ಇವರ ಲೆಕ್ಕದಲ್ಲಿ ನಾವು ಸುಮ್ನೆ ಕೂತಿದ್ದೇವೆ. ಒಳಗಿನ ಕೆಲಸ ನಿಂತಿತಾ, ಇನ್ನೂ ನಡೆಯುತ್ತಿದೆಯಾ? ಎರಡೂ ಆಗಬಹುದು, ಏಕೆಂದರೆ ಡಾಕರ್‌ನಲ್ಲಿ ಎಕ್ಸೆಕ್ ಮಾಡಿ (ಓಡುತ್ತಿರುವ ಕಂಟೇನರ್ ಒಳಗೆ ಕಮಾಂಡ್ ಕೊಟ್ಟು) ಶುರು ಮಾಡಿದ ಕೆಲಸ ಹೊರಗಿನ ಸಂಪರ್ಕ ಕಡಿದ ಮೇಲೂ ಒಳಗೆ ಓಡುತ್ತಿರಬಹುದು. ಮತ್ತೆ ಟರ್ಮಿನಲ್ ತೆರೆದರೆ ಹೊಸ ಶೆಲ್, ಹಳೆಯದಕ್ಕೆ ದಾರಿ ಇಲ್ಲ. ಏನು ಓಡುತ್ತಿದೆ ನೋಡೋಣ ಅಂದರೆ ಎಷ್ಟೋ ಸಣ್ಣ ಇಮೇಜ್‌ಗಳಲ್ಲಿ ಪಿಎಸ್ ಕಮಾಂಡೇ ಇಲ್ಲ. ತಂತ್ರಾಂಶ ಹಾಕುವ ಎಪಿಟಿ ಕಮಾಂಡ್‌ನಿಂದ ಹಾಕಿಕೊಂಡರೆ ಮುಂದಿನ ಅಪ್‌ಡೇಟ್‌ಗೆ ಕಂಟೇನರ್ ಹೊಸದಾಗಿ ಹುಟ್ಟುತ್ತದೆ, ಹಾಕಿದ್ದೆಲ್ಲ ಮಾಯ. ಅದು ಡಾಕರ್‌ನ ರೀತಿ, ಅದಕ್ಕೆ ಇವರನ್ನು ಬೈಯುವುದಿಲ್ಲ. ಕೆಲಸ ನಡೆಯುತ್ತಿರುವಾಗ ಲಾಗೌಟ್ ಮಾಡಿದ್ದಕ್ಕೆ ಮಾತ್ರ ಬೈದೇ ಬೈಯುತ್ತೇನೆ.

ಇನ್ನು ಕನ್ನಡದ ವಿಷಯಕ್ಕೆ ಬರುತ್ತೇನೆ, ಹೊಟ್ಟೆ ಉರಿಯುವುದು ಇಲ್ಲೇ. ನಮ್ಮ ಫೋಲ್ಡರ್‌ಗಳಿಗೆ ಕನ್ನಡದಲ್ಲೇ ಹೆಸರಿಟ್ಟಿದ್ದೇವೆ. ಅಜ್ಜನ ಫೋಟೋ, ಅಮ್ಮನ ಅಡುಗೆ ಪುಸ್ತಕ, ತೇರಿನ ವಿಡಿಯೋ, ಹೀಗೆ. ಅಮ್ಮ ಹುಡುಕಬೇಕಾದರೆ ಕನ್ನಡದಲ್ಲೇ ಇರಬೇಕು. ಈ ಕಿಟಕಿಯಲ್ಲಿ ಫೈಲ್ ಪಟ್ಟಿ ತೋರಿಸುವ ಎಲ್‌ಎಸ್ ಕಮಾಂಡ್ ಹಾಕಿದರೆ ಅಜ್ಜ ಎಲ್ಲಿದ್ದಾನೆ? "ಅ" ಇರಬೇಕಾದ ಜಾಗದಲ್ಲಿ \340\262\205 ಅಂತ ಬರುತ್ತದೆ. ಎಲ್ಲ ಭಾಷೆಯ ಅಕ್ಷರಗಳನ್ನೂ ಬರೆದಿಡುವ ಯುಟಿಎಫ್-8 ಪದ್ಧತಿಯಲ್ಲಿ ಕನ್ನಡದ ಒಂದೊಂದು ಚಿಹ್ನೆಗೂ 3 ಬೈಟ್, ಆ 3 ಬೈಟನ್ನೂ ಸಂಖ್ಯೆ ಮಾಡಿ ಕಕ್ಕುತ್ತದೆ. ಒತ್ತು, ಗುಣಿತ ಎಲ್ಲವೂ ಬೇರೆ ಬೇರೆ ಚಿಹ್ನೆಗಳೇ ಆದ್ದರಿಂದ ನಾಲ್ಕಕ್ಷರದ ಹೆಸರೊಂದು ತೆರೆಯ ಅರ್ಧಕ್ಕೆ ಹರಡುತ್ತದೆ. ಹತ್ತು ಫೋಲ್ಡರ್ ಇದ್ದರೆ ಯಾವುದು ಯಾವುದು ಅಂತ ದೇವರಿಗೇ ಗೊತ್ತು. ಕಾರಣ ಸಣ್ಣದು. ಒಳಗೆ ಹೋಗುವಾಗ ಲ್ಯಾಂಗ್ ಎಂಬ ವೇರಿಯಬಲ್‌ಗೆ ಯುಟಿಎಫ್-8 ಲೊಕೇಲ್ (ಭಾಷೆ, ಅಕ್ಷರಗಳ ಸೆಟ್ಟಿಂಗ್) ಕೊಟ್ಟರೆ ಸಾಕು, ಡೆಬಿಯನ್ ಎಂಬ ಲಿನಕ್ಸ್ ಮೇಲೆ ಕಟ್ಟಿದ ಇಮೇಜ್‌ಗಳಲ್ಲಿ ಅದಕ್ಕೆ ಬೇಕಾದ್ದು ಮೊದಲೇ ಇದೆ. ಕೈಯಿಂದ ಹಾಕಿ ನೋಡಿದೆ, ಸಂಖ್ಯೆಗಳು ಹೋಗಿ ಕನ್ನಡ ಬಂತು. ಆದರೆ ಬಂದ ಕನ್ನಡವೂ ನೆಟ್ಟಗಿಲ್ಲ, ಒತ್ತಕ್ಷರ ಬಿಡಿಬಿಡಿಯಾಗಿ ಪಕ್ಕದ ಚೌಕಕ್ಕೆ ಹೋಗಿ ಕೂರುತ್ತದೆ, ಬ್ಯಾಕ್‌ಸ್ಪೇಸ್ ಒತ್ತಿದರೆ ಕರ್ಸರ್ ಎಲ್ಲೋ ಇರುತ್ತದೆ, ಅಳಿಸುವುದು ಇನ್ನೆಲ್ಲೋ. ಅದು ಬಹಳ ಟರ್ಮಿನಲ್‌ಗಳಲ್ಲಿರುವ ಹಳೆಯ ತೊಂದರೆ, ಒಂದೇ ದಿನದಲ್ಲಿ ಸರಿಯಾಗುವುದಲ್ಲ, ಒಪ್ಪುತ್ತೇನೆ. ಮೊದಲನೆಯದು ಹಾಗಲ್ಲ. ನಮ್ಮ ಭಾಷೆಯ ಹೆಸರುಗಳು ಓದಲು ಬರುವಂತೆ ಕಾಣಬೇಕು ಅಂತ ಒಬ್ಬನಿಗೆ ಅನಿಸಿದ್ದರೆ ಒಂದು ಸಾಲಿನಲ್ಲಿ ಮುಗಿಯುತ್ತಿತ್ತು.

ಇದೆಲ್ಲ ದೊಡ್ಡ ಸಂಶೋಧನೆ ಬೇಡುವ ಕೆಲಸ ಅಂತ ಯಾರೂ ನನಗೆ ಹೇಳಬೇಡಿ. ಡಾಕರ್‌ಗೆ ಎಕ್ಸೆಕ್ ಬಂದಿದ್ದು 2014ರ ಅಕ್ಟೋಬರ್‌ನಲ್ಲಿ, 1.3ನೇ ಆವೃತ್ತಿಯಲ್ಲಿ. ಈಗ ಅದರ ಎಪಿಐನಲ್ಲೇ (ಬೇರೆ ತಂತ್ರಾಂಶಗಳು ಅದರ ಜೊತೆ ಮಾತಾಡುವ ದಾರಿ) ಯಾವ ಬಳಕೆದಾರ, ಯಾವ ಕಮಾಂಡ್, ಯಾವ ವೇರಿಯಬಲ್ ಅಂತ ಹೇಳಲು ಜಾಗ ಇದೆ. ತೆರೆಯ ಅಗಲ ಎತ್ತರ ಬದಲಾದರೆ ತಿಳಿಸಲು ಬೇರೆ ಕರೆಯೇ ಇದೆ. ಇವರು ಮಾಡಬೇಕಿದ್ದದ್ದು ತೆರೆಯ ಮೇಲೆ ಮೂರು ಖಾಲಿ ಜಾಗ ಇಟ್ಟು ನಾವು ತುಂಬಿದ್ದನ್ನು ಅಲ್ಲಿಗೆ ದಾಟಿಸುವುದು. ಕಂಟೇನರ್‌ಗಳನ್ನು ಬ್ರೌಸರ್‌ನಲ್ಲೇ ನೋಡಿಕೊಳ್ಳುವ ಪೋರ್ಟೇನರ್ ಎಂಬ ತಂತ್ರಾಂಶ ನೋಡಿ. ಅದರ ಉಚಿತ ಆವೃತ್ತಿಯಲ್ಲೇ ಕನ್ಸೋಲ್ ತೆರೆಯುವ ಮೊದಲು ಬ್ಯಾಷ್ ಬೇಕಾ, ಎಸ್‌ಎಚ್ ಬೇಕಾ, ಆ್ಯಷ್ ಬೇಕಾ, ಯಾವ ಬಳಕೆದಾರನಾಗಿ ಹೋಗುತ್ತೀರಿ ಅಂತ ಕೇಳುತ್ತದೆ. ಪುಕ್ಕಟೆ ಸಿಗುವುದರಲ್ಲಿ ಇರುವುದು, ಹಣ ಕೊಟ್ಟು ತಂದದ್ದರಲ್ಲಿ ಯಾಕಿಲ್ಲ?

ಸಪೋರ್ಟ್‌ಗೆ ಬರೆದೆ. ಚಿತ್ರ ಸಮೇತ, ಒಂದೊಂದನ್ನೂ ಬಿಡಿಸಿ. ಬಂದ ಉತ್ತರ: "ಹೆಚ್ಚಿನ ಕೆಲಸಗಳಿಗೆ ಎಸ್‌ಎಸ್‌ಎಚ್ ಬಳಸಿ." ಟಿಕೆಟ್ ಬಂದ್. ಸ್ವಾಮಿ, ನಿಮ್ಮ ಪೆಟ್ಟಿಗೆಯ ಭದ್ರತಾ ತಪಾಸಣೆಯೇ ಎಸ್‌ಎಸ್‌ಎಚ್ ಆನ್ ಮಾಡಿದರೆ ಕೆಂಪು ಗುರುತು ಹಾಕಿ "ಇದನ್ನು ಆಫ್ ಮಾಡಿ" ಅನ್ನುತ್ತದೆ. ಆನ್ ಮಾಡಿದರೂ ಅಡ್ಮಿನ್ ಖಾತೆಯವರು ಮಾತ್ರ ಒಳಗೆ ಹೋಗಬಹುದು, ಹೋದ ಮೇಲೆ ಸುಡೋ ಹಾಕಬೇಕು, ಅಂದರೆ ಒಂದು ಕಂಟೇನರ್‌ನ ಒಂದು ಸಣ್ಣ ಕೆಲಸಕ್ಕೆ ಇಡೀ ಪೆಟ್ಟಿಗೆಯ ರೂಟ್ ಕೈಯಲ್ಲಿ ಹಿಡಿದುಕೊಂಡು ಕೂರಬೇಕು. ಇದನ್ನು ನನ್ನ ಭಾವನಿಗೆ ಫೋನಿನಲ್ಲಿ ಹೇಳಿಕೊಡಲಾ? ಒಂದು ಕಡೆ ಎಸ್‌ಎಸ್‌ಎಚ್ ಅಪಾಯ ಅಂತ ಹೆದರಿಸುವುದು, ಇನ್ನೊಂದು ಕಡೆ ಅದನ್ನೇ ಬಳಸಿ ಅನ್ನುವುದು, ನಡುವೆ ಸುರಕ್ಷಿತ ದಾರಿ ಅಂತ ಕೊಟ್ಟ ಕಿಟಕಿಯನ್ನು ಹೀಗೆ ಕೊಳೆಯಲು ಬಿಡುವುದು. ನಮ್ಮನ್ನು ಏನಂದುಕೊಂಡಿದ್ದಾರೆ?

ಸದ್ಯಕ್ಕೆ ನಾನು ಮಾಡಿಕೊಂಡಿರುವುದು ಇಷ್ಟು. ಎಸ್‌ಎಸ್‌ಎಚ್ ಅನ್ನು ಮನೆಯ ನೆಟ್‌ವರ್ಕ್‌ಗೆ ಮಾತ್ರ ತೆರೆದಿದ್ದೇನೆ, ರೂಟರ್‌ನಲ್ಲಿ ಪೋರ್ಟ್ ಬಿಟ್ಟಿಲ್ಲ, ಕೆಲಸ ಮುಗಿದ ತಕ್ಷಣ ಆಫ್ ಮಾಡುತ್ತೇನೆ. ಒಳಗೆ ಹೋಗಿ ಡಾಕರ್ ಎಕ್ಸೆಕ್‌ಗೆ ಬಳಕೆದಾರನ ಹೆಸರನ್ನೂ ಯುಟಿಎಫ್-8 ವೇರಿಯಬಲ್ ಅನ್ನೂ ಕೊಟ್ಟು ಓಸಿಸಿ ಓಡಿಸುತ್ತೇನೆ. ಅಜ್ಜನ ಹೆಸರು ಅಜ್ಜನಂತೆಯೇ ಓದಲು ಬರುತ್ತದೆ. ಭಾವನ ಪೆಟ್ಟಿಗೆಗೆ ಪೋರ್ಟೇನರ್ ಹಾಕಿಕೊಡಬೇಕು, ಅದಕ್ಕೆ ಮುಂದಿನ ಸಲ ಶಿರಸಿಗೆ ಹೋದಾಗಲೇ ಕೂರಬೇಕು, ಫೋನಿನಲ್ಲಿ ಆಗುವ ಕೆಲಸ ಅಲ್ಲ.

ಟಿಕೆಟ್ ಮತ್ತೆ ತೆರೆದಿದ್ದೇನೆ. ಈ ಸಲ ಕೇಳಿದ್ದು ನಾಲ್ಕೇ: ಶೆಲ್ ಮತ್ತು ಬಳಕೆದಾರನನ್ನು ಆರಿಸಲು ಬಿಡಿ, ತಪ್ಪಾದರೆ ಡಾಕರ್ ಕೊಟ್ಟ ಸಂದೇಶ ತೋರಿಸಿ, ಕೆಲಸ ಓಡುತ್ತಿರುವಾಗ ಲಾಗೌಟ್ ಮಾಡಬೇಡಿ, ಕನ್ನಡ ಫೈಲ್ ಹೆಸರುಗಳು ಅಕ್ಷರವಾಗಿ ಕಾಣಲಿ. ನಿಮ್ಮ ಮನೆಯ ಪೆಟ್ಟಿಗೆಯಲ್ಲೂ ಇದೇ ಗೋಳಿದ್ದರೆ ದಯವಿಟ್ಟು ನಿಮ್ಮ ಕಂಪನಿಗೆ ನೀವೂ ಬರೆಯಿರಿ, ಚಿತ್ರ ತೆಗೆದು ಕಳಿಸಿ. ಒಬ್ಬನೇ ಬರೆದರೆ ಬಂದ್ ಮಾಡಿ ಕೂರುತ್ತಾರೆ.