ಗಂಗೋತ್ರಿಗೆ ಹೊರಟ ಮಕ್ಕಳೇ, ಮೊದಲ ಎರಡು ತಿಂಗಳು ಉಳಿಸಿಕೊಳ್ಳಿ

ಈ ಸಲ ಡಿಗ್ರಿ ಮುಗಿಸಿದ ನಮ್ಮ ಕಾಲೇಜಿನ ಮಕ್ಕಳು ಎಂ.ಎ, ಎಂ.ಎಸ್ಸಿ, ಎಂ.ಕಾಂ ಅಂತ ಮೈಸೂರು ವಿಶ್ವವಿದ್ಯಾಲಯದ ಮಾನಸಗಂಗೋತ್ರಿಗೆ ಹೊರಟಿದ್ದಾರೆ. ಒಬ್ಬೊಬ್ಬರಾಗಿ ಫೋನ್ ಮಾಡುತ್ತಿದ್ದಾರೆ. "ಮೇಡಂ, ಮೊದಲೇ ಏನು ಓದಿಕೊಂಡು ಹೋಗಬೇಕು? ಲ್ಯಾಪ್‌ಟಾಪ್ ತಗೋಬೇಕಾ? ನಮ್ಮ ಇಂಗ್ಲಿಷ್ ಸಾಕಾಗುತ್ತಾ?" ಎಲ್ಲರಿಗೂ ಒಟ್ಟಿಗೆ ಇಲ್ಲೇ ಬರೆಯುತ್ತಿದ್ದೇನೆ. ದಯವಿಟ್ಟು ಪೂರ್ತಿ ಓದಿ. ಅಪ್ಪ ಅಮ್ಮನಿಗೂ ಓದಿ ಹೇಳಿ.

ನನ್ನ ಉತ್ತರ ಇಷ್ಟೇ. ಈಗ ಪುಸ್ತಕ ಓದದಿದ್ದರೂ ಪರವಾಗಿಲ್ಲ, ಲ್ಯಾಪ್‌ಟಾಪ್ ಆಮೇಲೆ ತಗೊಂಡರೂ ನಡೆಯುತ್ತದೆ. ಕಾಗದಪತ್ರಗಳನ್ನು ಮಾತ್ರ ಊರಲ್ಲಿದ್ದಾಗಲೇ ಸರಿ ಮಾಡಿಕೊಂಡು ಹೋಗಿ. ಯಾಕೆ ಅಂತ ಹೇಳುತ್ತೇನೆ.

ನಮ್ಮಲ್ಲಿ ಹೆಚ್ಚಿನ ಮಕ್ಕಳು ಡಿಗ್ರಿಯನ್ನು ಊರಿಗೆ ಹತ್ತಿರದ ಕಾಲೇಜಿನಲ್ಲೇ ಓದುತ್ತಾರೆ. ಅಲ್ಲಿ ಮೇಷ್ಟ್ರಿಗೆ ನಿಮ್ಮ ಹೆಸರು ಗೊತ್ತು. ಆಫೀಸಿನ ಗುಮಾಸ್ತರಿಗೆ ನಿಮ್ಮ ಅಪ್ಪನ ಪರಿಚಯ. ಸ್ಕಾಲರ್‌ಶಿಪ್‌ಗೆ ಕೊನೆಯ ದಿನ ಬಂದರೆ ಯಾರೋ ಕ್ಲಾಸಿಗೇ ಬಂದು ಹೇಳುತ್ತಾರೆ. ದೊಡ್ಡ ವಿಶ್ವವಿದ್ಯಾಲಯ ಅನ್ನುವುದು ನಮ್ಮ ಮಕ್ಕಳಿಗೆ ಎದುರಾಗುವುದೇ ಎಂ.ಎ ಮೊದಲ ವರ್ಷದಲ್ಲಿ. ಮಾನಸಗಂಗೋತ್ರಿ 700 ಎಕರೆಗೂ ಜಾಸ್ತಿ ಇರುವ ಜಾಗ. ವಿಭಾಗ ಒಂದು ಕಡೆ, ಲೈಬ್ರರಿ ಇನ್ನೊಂದು ಕಡೆ. ಆಡಳಿತ ಕಚೇರಿ ಕ್ರಾಫರ್ಡ್ ಹಾಲ್ ಅಂತೂ ಕುಕ್ಕರಹಳ್ಳಿ ಕೆರೆಯ ಆಚೆ ಬದಿ. ಅಲ್ಲಿ ಯಾರೂ ನಿಮ್ಮನ್ನು ಹುಡುಕಿಕೊಂಡು ಬಂದು ಹೇಳುವುದಿಲ್ಲ. ಅಷ್ಟು ಜನರಲ್ಲಿ ಅದು ಸಾಧ್ಯವೂ ಇಲ್ಲ, ಅಲ್ವಾ? ಎಲ್ಲವೂ ನೋಟಿಸ್ ಬೋರ್ಡಿನಲ್ಲಿ, ವಾಟ್ಸಾಪ್ ಗ್ರೂಪಿನಲ್ಲಿ, ಪೋರ್ಟಲ್‌ನಲ್ಲಿ.

ಪ್ರತಿ ವರ್ಷ ನಾನು ನೋಡುವುದು ಇದನ್ನೇ. ಕ್ಲಾಸು ಶುರುವಾಗಿರುತ್ತದೆ, ನಮ್ಮ ಹುಡುಗ ನಾಡಕಚೇರಿಯಲ್ಲಿ ಇರುತ್ತಾನೆ. ಮಾರನೇ ವಾರ ಬ್ಯಾಂಕಿನಲ್ಲಿ. ಅದರ ಮಾರನೇ ವಾರ ಸೈಬರ್ ಸೆಂಟರ್‌ನಲ್ಲಿ, ಸರ್ವರ್ ಡೌನ್ ಅಂತ ಕಾಯುತ್ತಾ. ಒಂದೊಂದು ಕಾಗದಕ್ಕೂ ಮೈಸೂರಿಂದ ಊರಿಗೆ ಓಡಬೇಕು. ಅಷ್ಟರಲ್ಲಿ ಎಂಟನೇ ವಾರ ಬಂದು ಸಿ1 ಪರೀಕ್ಷೆ ಎದುರಿಗೆ ನಿಂತಿರುತ್ತದೆ. ಪಾಠದ ಮೊದಲ ಅರ್ಧಕ್ಕೆ ಸಿ1, ಉಳಿದ ಅರ್ಧಕ್ಕೆ ಸಿ2, ಕೊನೆಗೆ ಸೆಮಿಸ್ಟರ್ ಪರೀಕ್ಷೆ ಸಿ3. ಹಾಜರಾತಿ 75 ಶೇಕಡಾ ಬೇಕೇ ಬೇಕು. ಮೊದಲ ಅರ್ಧ ಪಾಠ ಕೇಳದವನಿಗೆ ಎರಡನೇ ಅರ್ಧ ಹೇಗೆ ತಲೆಗೆ ಹೋಗುತ್ತದೆ? ನಮ್ಮ ಕಾಲೇಜಿನಲ್ಲಿ ಮುಂದಿನ ಬೆಂಚಿನಲ್ಲಿ ಕೂತು ಪ್ರಶ್ನೆ ಕೇಳುತ್ತಿದ್ದ ಹುಡುಗ ಅಲ್ಲಿ ಹಿಂದಿನ ಬೆಂಚು ಸೇರಿ ಮಾತೇ ನಿಲ್ಲಿಸಿಬಿಡುತ್ತಾನೆ. ಕೇಳಿದರೆ "ಇಂಗ್ಲಿಷ್ ಪ್ರಾಬ್ಲಂ ಮೇಡಂ" ಅನ್ನುತ್ತಾನೆ. ನಾನು ಇದನ್ನು ಒಪ್ಪುವುದಿಲ್ಲ. ಇಂಗ್ಲಿಷ್ ಕಷ್ಟ ಇದೆ, ನಿಜ. ಆದರೆ ಅವನನ್ನು ಹಿಂದೆ ಹಾಕಿದ್ದು ಆ ಎರಡು ತಿಂಗಳು.

ಈಗ ಕಾಗದಗಳ ವಿಷಯಕ್ಕೆ ಬರೋಣ. ಮೊದಲು ಹೆಸರು. ನಿಮ್ಮ ಎಸ್ಸೆಸ್ಸೆಲ್ಸಿ ಮಾರ್ಕ್ಸ್‌ಕಾರ್ಡ್ ಮತ್ತು ಆಧಾರ್ ಕಾರ್ಡ್ ಎರಡನ್ನೂ ಪಕ್ಕಪಕ್ಕ ಇಟ್ಟು ನೋಡಿ. ಒಬ್ಬ ಹುಡುಗನದ್ದು ಮಾರ್ಕ್ಸ್‌ಕಾರ್ಡ್‌ನಲ್ಲಿ ಮಾದೇಸ್ವಾಮಿ ಎಂ, ಆಧಾರ್‌ನಲ್ಲಿ ಮಹದೇವಸ್ವಾಮಿ. ಊರಲ್ಲಿ ಎರಡೂ ಒಂದೇ. ಕಂಪ್ಯೂಟರಿಗೆ ಇಬ್ಬರು ಬೇರೆ ಬೇರೆ ಮನುಷ್ಯರು. ಸ್ಕಾಲರ್‌ಶಿಪ್ ಅರ್ಜಿ ಅಲ್ಲಿಗೇ ನಿಂತಿತು. ಮಾರ್ಕ್ಸ್‌ಕಾರ್ಡ್ ತಿದ್ದಿಸುವುದು ದೊಡ್ಡ ತಲೆನೋವು, ಹಾಗಾಗಿ ಆಧಾರನ್ನೇ ಮಾರ್ಕ್ಸ್‌ಕಾರ್ಡಿಗೆ ಹೊಂದಿಸಿ. ಇಂಗ್ಲಿಷಿನಲ್ಲಿ ಒಂದೊಂದು ಅಕ್ಷರ, ಇನಿಶಿಯಲ್ ಮುಂದೆಯೋ ಹಿಂದೆಯೋ, ಎಲ್ಲ ನೋಡಿ. ಆಧಾರ್‌ನಲ್ಲಿ ಹೆಸರು ತಿದ್ದಲು ಸಾಮಾನ್ಯವಾಗಿ ಎರಡೇ ಸಲ ಅವಕಾಶ. ಅರ್ಜಿ ತುಂಬಿಸುವವರ ಪಕ್ಕದಲ್ಲೇ ನಿಂತು ಓದಿ ನೋಡಿ ಆಮೇಲೆ ಒಪ್ಪಿಗೆ ಕೊಡಿ.

ಆಮೇಲೆ ಜಾತಿ ಆದಾಯ ಪ್ರಮಾಣಪತ್ರ. ಆದಾಯದ ಪತ್ರಕ್ಕೆ ಐದು ವರ್ಷ ಅವಧಿ. ಹೆಚ್ಚಿನವರು ಪಿಯುಸಿ ಸೇರುವಾಗ ಮಾಡಿಸಿರುತ್ತೀರಿ. ಪಿಯುಸಿ ಎರಡು, ಡಿಗ್ರಿ ಮೂರು. ಸರಿಯಾಗಿ ಎಂ.ಎ ಸೇರುವ ಹೊತ್ತಿಗೆ ಅದರ ಅವಧಿ ಮುಗಿದಿರುತ್ತದೆ! ಸ್ಕಾಲರ್‌ಶಿಪ್ ಪೋರ್ಟಲ್‌ನಲ್ಲಿ ಆ ಪತ್ರದ ಮೇಲಿರುವ ಆರ್‌ಡಿ ನಂಬರ್ ಹಾಕಿದ ಮೇಲೆ ಗೊತ್ತಾಗಿ ಕಂಗಾಲಾಗುತ್ತಾರೆ. ಈಗಲೇ ತೆಗೆದು ತಾರೀಕು ನೋಡಿ. ತೀರಿದ್ದರೆ ನಾಳೆಯೇ ನಾಡಕಚೇರಿಗೆ ಹೋಗಿ ಅರ್ಜಿ ಹಾಕಿ.

ಬ್ಯಾಂಕ್ ಖಾತೆ. ಸ್ಕಾಲರ್‌ಶಿಪ್ ಹಣ ಹೋಗುವುದು ಆಧಾರ್ ಜೋಡಣೆ ಆಗಿರುವ ಖಾತೆಗೆ. ಮನೆಯಲ್ಲಿ ಎರಡು ಮೂರು ಖಾತೆ ಇರುವವರು ಯಾವುದಕ್ಕೆ ಜೋಡಣೆ ಆಗಿದೆ ಅಂತ ಬ್ಯಾಂಕಿನಲ್ಲೇ ಕೇಳಿ. "ಎನ್‌ಪಿಸಿಐ ಸೀಡಿಂಗ್ ಆಗಿದೆಯಾ ನೋಡಿ ಸಾರ್" ಅಂದರೆ ಅವರಿಗೆ ಗೊತ್ತಾಗುತ್ತದೆ. ಎಷ್ಟೋ ವರ್ಷದಿಂದ ವ್ಯವಹಾರವೇ ಇಲ್ಲದ ಖಾತೆಗೆ ಜೋಡಣೆ ಆಗಿದ್ದು, ಹಣ ಬಂದಿಲ್ಲ ಅಂತ ವರ್ಷವಿಡೀ ಅಳುವವರನ್ನು ಕಂಡಿದ್ದೇನೆ.

ಇನ್ನೊಂದು, ನಮ್ಮ ಕಡೆಯವರಿಗೆ ಹೊಸದು. 2023ರಲ್ಲಿ ಚಾಮರಾಜನಗರ, ಹಾಸನ ಮೈಸೂರಿನಿಂದ ಬಿಟ್ಟು ಬೇರೆ ವಿಶ್ವವಿದ್ಯಾಲಯಗಳಾದವು. ಅವುಗಳಿಂದ ಡಿಗ್ರಿ ಪಡೆದವರು ಮೈಸೂರಿಗೆ ಹೊರಗಿನ ವಿಶ್ವವಿದ್ಯಾಲಯದವರ ಲೆಕ್ಕ. ನಿಮ್ಮ ಅಕ್ಕ ಅಣ್ಣಂದಿರಿಗೆ ಬೇಕಿಲ್ಲದಿದ್ದ ಮೈಗ್ರೇಷನ್ ಸರ್ಟಿಫಿಕೇಟ್, ಅಂದರೆ ಒಂದು ವಿಶ್ವವಿದ್ಯಾಲಯ ಬಿಟ್ಟು ಇನ್ನೊಂದಕ್ಕೆ ಸೇರಲು ಕೊಡುವ ಪತ್ರ, ನಿಮ್ಮನ್ನು ಕೇಳುತ್ತಾರೆ. ಟಿ.ಸಿ ಜೊತೆಗೇ ಅದಕ್ಕೂ ಅರ್ಜಿ ಹಾಕಿಬಿಡಿ. ಎಲ್ಲದರದ್ದೂ ಜೆರಾಕ್ಸ್ ನಾಲ್ಕೈದು ಸೆಟ್ ಮಾಡಿಸಿ, ಸ್ಕ್ಯಾನ್ ಮಾಡಿ ಮೊಬೈಲಿನಲ್ಲಿ ಇಟ್ಟುಕೊಳ್ಳಿ.

ಈಗ ಹೆಣ್ಣುಮಕ್ಕಳ ಅಪ್ಪ ಅಮ್ಮನಿಗೆ ಒಂದು ಮಾತು. 2023ರ ಜೂನ್‌ನಲ್ಲಿ ಶಕ್ತಿ ಯೋಜನೆ ಬಂದ ಮೇಲೆ ಬಸ್ ಚಾರ್ಜಿಗೆ ಹೆದರಿ ಓದು ಬಿಡುವ ಕಾಲ ಹೋಯಿತು. ಅದರಿಂದ ಎಷ್ಟು ಹೆಣ್ಣುಮಕ್ಕಳು ಎಂ.ಎ ಮೆಟ್ಟಿಲು ಹತ್ತಿದರು ಅನ್ನುವುದನ್ನು ಕಣ್ಣಾರೆ ನೋಡಿದ್ದೇನೆ, ನನಗೆ ತುಂಬಾ ಸಂತೋಷ. ಆದರೆ ಈಗ ಬಹಳ ಮನೆಗಳಲ್ಲಿ "ಬಸ್ ಫ್ರೀ ಇದೆಯಲ್ಲ, ದಿನಾ ಹೋಗಿ ಬಂದರಾಯಿತು, ಹಾಸ್ಟೆಲ್ ಯಾಕೆ?" ಅನ್ನುತ್ತಿದ್ದಾರೆ. ಗುಂಡ್ಲುಪೇಟೆಯಿಂದಲೋ ಕೊಳ್ಳೇಗಾಲದಿಂದಲೋ ದಿನಾ ಹೋಗಿ ಬರುವ ಹುಡುಗಿಯ ದಿನ ಹೇಗಿರುತ್ತದೆ ಗೊತ್ತಾ? ಬೆಳಗ್ಗೆ ಎದ್ದು ಮನೆ ಕೆಲಸ ಮುಗಿಸಿ ಬಸ್ಸಿಗೆ ಓಡಬೇಕು. ಸೀಟು ಸಿಗದೆ ನಿಂತುಕೊಂಡೇ ಬರಬೇಕು. ಕ್ಲಾಸು ಮುಗಿಯುವ ಮೊದಲೇ ವಾಪಸ್ ಬಸ್ಸಿನ ಚಿಂತೆ. ಗೆಳತಿಯರು ಲೈಬ್ರರಿಗೆ ಹೋಗುವ ಹೊತ್ತಿಗೆ ಇವಳು ಬಸ್‌ಸ್ಟ್ಯಾಂಡಿನಲ್ಲಿ. ಸಂಜೆ ವಿಭಾಗದಲ್ಲಿ ಯಾರೋ ದೊಡ್ಡವರ ಉಪನ್ಯಾಸ ಇದ್ದರೆ ಇವಳಿಗಿಲ್ಲ. ಮನೆಗೆ ಬಂದರೆ ಮತ್ತೆ ಅಡುಗೆಮನೆ. ಇವಳು ವಿಶ್ವವಿದ್ಯಾಲಯ ಸೇರಿದ ಹಾಗೂ ಆಗುವುದಿಲ್ಲ, ಮನೆಯಲ್ಲಿ ನೆಮ್ಮದಿಯಾಗಿ ಇದ್ದ ಹಾಗೂ ಆಗುವುದಿಲ್ಲ. ಮೊದಲ ಸೆಮಿಸ್ಟರ್ ಒಂದನ್ನಾದರೂ ಹಾಸ್ಟೆಲ್‌ನಲ್ಲಿ ಇರಲು ಬಿಡಿ. ವಿಶ್ವವಿದ್ಯಾಲಯದ ಹಾಸ್ಟೆಲ್ ಇದೆ, ಸಮಾಜ ಕಲ್ಯಾಣ ಇಲಾಖೆಯದ್ದು, ಹಿಂದುಳಿದ ವರ್ಗಗಳ ಇಲಾಖೆಯದ್ದು ಬೇರೆ ಇವೆ. ಒಂದಕ್ಕೇ ಅರ್ಜಿ ಹಾಕಿ ಕಾಯುತ್ತಾ ಕೂರಬೇಡಿ. ಹಿಂದುಳಿದ ವರ್ಗದ ಮಕ್ಕಳಿಗೆ ಸರ್ಕಾರಿ ಹಾಸ್ಟೆಲ್ ಸಿಗದೇ ಹೋದರೆ ಊಟ ವಸತಿಗೆ ವಿದ್ಯಾಸಿರಿ ಅನ್ನುವ ಸರ್ಕಾರದ ಸಹಾಯಧನ ಇದೆ. ಅದಕ್ಕೂ ಬೇಕಾಗುವುದು ಮೇಲೆ ಹೇಳಿದ ಅವೇ ಕಾಗದಗಳು.

ಸರಿ, ಕಾಗದದ ಓಡಾಟ ಮುಗಿಸಿಕೊಂಡು ಹೋದಿರಿ. ಆ ಎರಡು ತಿಂಗಳಲ್ಲಿ ಏನು ಮಾಡಬೇಕು? ಕ್ಲಾಸಿಗೆ ಹೋಗಿ, ಒಂದನ್ನೂ ಬಿಡದೆ. ಸಿಲಬಸ್ ಪ್ರಿಂಟ್ ತೆಗೆದು ಹಾಸ್ಟೆಲ್ ಗೋಡೆಗೆ ಅಂಟಿಸಿ. ಗಂಟೆಗಟ್ಟಲೆ ರೂಮಿನಲ್ಲಿ ಕೂತು ಹೆದರುವ ಬದಲು ಅರ್ಥವಾಗದ್ದನ್ನು ಬರೆದುಕೊಂಡು ಮೇಷ್ಟ್ರ ಕೋಣೆ ಬಾಗಿಲಿಗೆ ಹೋಗಿ ನಿಲ್ಲಿ. "ಸಾರ್, ಒಳಗೆ ಬರಬಹುದಾ?" ಅಷ್ಟೇ ಮಾತು. ನಮ್ಮ ಮಕ್ಕಳಿಗೆ ಇದೇ ಎಲ್ಲಕ್ಕಿಂತ ಕಷ್ಟ. ದೊಡ್ಡವರ ಬಾಗಿಲು ತಟ್ಟಬಾರದು ಅಂತ ಚಿಕ್ಕಂದಿನಿಂದ ಕಲಿತಿರುತ್ತಾರೆ. ಗಂಗೋತ್ರಿಯಲ್ಲಿ ಆ ಬಾಗಿಲು ಇರುವುದೇ ನಿಮಗಾಗಿ. ಅದು ನಿಮ್ಮ ಹಕ್ಕು. ಇವತ್ತು ಬಿಡುವಿಲ್ಲ ಅಂದರೆ ನಾಳೆ ಹೋಗಿ.

ಇಂಗ್ಲಿಷ್ ಬಗ್ಗೆ. ಕಲಾ ವಿಭಾಗದ ಅನೇಕ ವಿಷಯಗಳಲ್ಲಿ ಪರೀಕ್ಷೆಯನ್ನು ಕನ್ನಡದಲ್ಲೇ ಬರೆಯಬಹುದು, ನಿಮ್ಮ ವಿಭಾಗದಲ್ಲಿ ಮೊದಲ ದಿನವೇ ಕೇಳಿಕೊಳ್ಳಿ. ಆದರೆ ಒಳ್ಳೆಯ ಪುಸ್ತಕಗಳು ಹೆಚ್ಚಾಗಿ ಇಂಗ್ಲಿಷಿನಲ್ಲೇ ಇರುತ್ತವೆ. ನನ್ನ ವಿದ್ಯಾರ್ಥಿನಿಯೊಬ್ಬಳು ಹತ್ತನೇ ತರಗತಿವರೆಗೆ ಪೂರ್ತಿ ಕನ್ನಡ ಮಾಧ್ಯಮ, ಅರ್ಥಶಾಸ್ತ್ರ ಎಂ.ಎ ಸೇರಿದಳು. ಅವಳು ಮಾಡಿದ್ದು ನೋಡಿ. ಲೈಬ್ರರಿಯಲ್ಲಿ ಕೂತು ಒಂದು ಪುಟ ಓದುವುದು. ಪುಸ್ತಕ ಮುಚ್ಚುವುದು. ಆ ಪುಟ ಏನು ಹೇಳಿತು ಅಂತ ನೋಟ್‌ಬುಕ್ಕಿನಲ್ಲಿ ಕನ್ನಡದಲ್ಲಿ ಎರಡು ಸಾಲು ಬರೆಯುವುದು. ಬರೆಯಲು ಬರಲಿಲ್ಲ ಅಂದರೆ ಪುಟ ಅರ್ಥವಾಗಿಲ್ಲ, ಮತ್ತೆ ಓದುವುದು. ಮೊದಮೊದಲು ಒಂದು ಸಂಜೆಗೆ ಎರಡು ಪುಟ ದಾಟಿದರೆ ಹೆಚ್ಚು. ಸಿ2 ಹೊತ್ತಿಗೆ ಅಧ್ಯಾಯಗಳನ್ನೇ ಓದುತ್ತಿದ್ದಳು. ಆ ನೋಟ್‌ಬುಕ್ಕನ್ನು ನನಗೆ ತಂದು ತೋರಿಸಿದಳು. ಮೊದಲ ಪುಟಗಳಲ್ಲಿ ಬರೀ ಕಾಟು, ಹೋಗ್ತಾ ಹೋಗ್ತಾ ಸಾಲುಗಳು ನೇರವಾಗಿವೆ. ಸ್ಪೋಕನ್ ಇಂಗ್ಲಿಷ್ ಕ್ಲಾಸಿಗೆ ಸಾವಿರಾರು ರೂಪಾಯಿ ಸುರಿಯಬೇಡಿ. ಇದನ್ನು ಮಾಡಿ.

ಓಪನ್ ಎಲೆಕ್ಟಿವ್ ಅಂತ ಒಂದು ಪೇಪರ್ ಇರುತ್ತದೆ, ಬೇರೆ ವಿಭಾಗಕ್ಕೆ ಹೋಗಿ ಓದುವುದು. ಗೆಳೆಯರೆಲ್ಲ ಯಾವುದಕ್ಕೆ ಹೋದರೋ ಅದಕ್ಕೇ ಹೋಗಬೇಡಿ. ಕುವೆಂಪು ಕುಲಪತಿ ಆಗಿದ್ದಾಗ ಸ್ನಾತಕೋತ್ತರ ವಿಭಾಗಗಳಿಗೆಲ್ಲ ಒಂದೇ ಆವರಣ ಬೇಕು ಅಂತ ಕಟ್ಟಿದ ಜಾಗ ಇದು. 1960ರಲ್ಲಿ ಶುರುವಾಯಿತು, ಮಾನಸಗಂಗೋತ್ರಿ ಅನ್ನುವ ಹೆಸರು ಕೊಟ್ಟವರೂ ಅವರೇ. ಕನ್ನಡ ಎಂ.ಎ ಹುಡುಗ ಮನಃಶಾಸ್ತ್ರದ ಪಾಠ ಕೇಳಬಹುದು, ಗಣಿತದ ಹುಡುಗಿ ಜಾನಪದ ಕೇಳಬಹುದು. ಊರಿನ ಕಾಲೇಜಿನಲ್ಲಿ ನಾವು ನಿಮಗೆ ಕೊಡಲಾಗದೇ ಇದ್ದದ್ದು ಇದನ್ನೇ. ಜಯಲಕ್ಷ್ಮಿ ವಿಲಾಸದ ಜಾನಪದ ವಸ್ತುಸಂಗ್ರಹಾಲಯ ಕ್ಯಾಂಪಸ್ಸಿನೊಳಗೇ ಇದೆ, ಒಂದು ಸಲ ಹೋಗಿ ಬನ್ನಿ. ನಿಮ್ಮಜ್ಜಿ ಬಳಸುತ್ತಿದ್ದಂಥ ಸಾಮಾನುಗಳನ್ನು ಅಲ್ಲಿ ಜೋಪಾನವಾಗಿ ಇಟ್ಟಿದ್ದಾರೆ.

ರ‍್ಯಾಗಿಂಗ್ ಆದರೆ ಸಹಿಸಿಕೊಂಡು ಕೂರಬೇಡಿ, 1800-180-5522ಕ್ಕೆ ಫೋನ್ ಮಾಡಿ. ಮನಸ್ಸು ಕುಗ್ಗಿದರೆ, ರಾತ್ರಿ ನಿದ್ದೆ ಬರದಿದ್ದರೆ 14416, ಟೆಲಿ ಮಾನಸ್. ಎರಡೂ ಉಚಿತ. ಟೆಲಿ ಮಾನಸ್‌ನಲ್ಲಿ ಕನ್ನಡದಲ್ಲೇ ಮಾತಾಡಬಹುದು. ಎರಡು ನಂಬರನ್ನೂ ಈಗಲೇ ಸೇವ್ ಮಾಡಿಕೊಳ್ಳಿ.

ನಮ್ಮ ಕಾಲೇಜಿನ ಮಕ್ಕಳು ಬರುವ ಶನಿವಾರ ಕ್ಲಾಸು ಮುಗಿದ ಮೇಲೆ ಸ್ಟಾಫ್ ರೂಮಿಗೆ ಬನ್ನಿ. ಮಾರ್ಕ್ಸ್‌ಕಾರ್ಡ್, ಆಧಾರ್, ಜಾತಿ ಆದಾಯ ಪತ್ರ, ಪಾಸ್‌ಬುಕ್, ಎಲ್ಲದರ ಒರಿಜಿನಲ್ ತನ್ನಿ. ಕೂತು ಒಬ್ಬೊಬ್ಬರದ್ದೇ ನೋಡೋಣ. ಬೇರೆ ಕಾಲೇಜಿನವರು ಬಂದರೂ ಬೇಡ ಅನ್ನುವುದಿಲ್ಲ.